ಹಳಸಿದ ಊಟ, ಸತ್ತ ಮುದುಕ: ಐದನೇ ಸಲ ಸ್ನೇಕ್ ಈಟರ್

ಮೆಟಲ್ ಗೇರ್ ಸಾಲಿಡ್ 3: ಸ್ನೇಕ್ ಈಟರ್ ಅನ್ನು ಈವರೆಗೆ ಐದು ಸಲ ಮುಗಿಸಿದ್ದೇನೆ. ಪ್ಲೇಸ್ಟೇಷನ್ 2ರಲ್ಲಿ ಎರಡು ಸಲ, 2011ರ ಎಚ್‌ಡಿ ಆವೃತ್ತಿಯಲ್ಲಿ ಎರಡು ಸಲ, 2025ರ ಆಗಸ್ಟ್‌ನಲ್ಲಿ ಬಂದ ಡೆಲ್ಟಾ ರೀಮೇಕ್‌ನಲ್ಲಿ ಒಂದು ಸಲ. ಕಥೆ ಬಾಯಿಪಾಠ. ಯಾವ ಸೈನಿಕ ಯಾವ ಮರದ ಹಿಂದಿನಿಂದ ಬರುತ್ತಾನೆ ಎಂಬುದೂ ಗೊತ್ತು. ಆದರೂ ಐದನೇ ಸಲ ಆಡುವಾಗ ಹಿಂದೆಂದೂ ಕಾಣದ ಎರಡು ಕಿತಾಪತಿಗಳು ಸಿಕ್ಕವು. ಒಂದು ರಣಹದ್ದಿನದು, ಇನ್ನೊಂದು ಜೈಲಿನದು. ಇಷ್ಟು ವರ್ಷ ಇವು ನನ್ನ ಮೂಗಿನ ಕೆಳಗೇ ಇದ್ದವಲ್ಲ ಎಂಬ ಬೆರಗಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಗ್ರಾಫಿಕ್ಸ್, ಫ್ರೇಮ್ ರೇಟ್ ಬಗ್ಗೆ ಬರೆದವರು ಬೇಕಾದಷ್ಟು ಜನರಿದ್ದಾರೆ. ನಾನು ಹೇಳಹೊರಟಿರುವುದು ಈ ಆಟದೊಳಗೆ ಹುದುಗಿಸಿಟ್ಟ ತಮಾಷೆಗಳ ಬಗ್ಗೆ ಮಾತ್ರ. ಕಥೆಯ ಗುಟ್ಟುಗಳು ಬಯಲಾಗುತ್ತವೆ. ಆಡದವರು ದಯವಿಟ್ಟು ಮೊದಲು ಆಡಿ ಬನ್ನಿ.

2004ರಲ್ಲಿ ಕೊನಾಮಿ ಹೊರತಂದ, ಹಿಡಿಯೊ ಕೊಜಿಮಾ ನಿರ್ದೇಶಿಸಿದ ಆಟ ಇದು. ಕಥೆ ನಡೆಯುವುದು 1964ರಲ್ಲಿ, ಸೋವಿಯತ್ ಒಕ್ಕೂಟದ ಕಾಡೊಂದರಲ್ಲಿ. ನಾಯಕ ಸ್ನೇಕ್ ಒಬ್ಬನೇ ಇಳಿಯುತ್ತಾನೆ. ಹಸಿವಾದರೆ ಹಾವು, ಕಪ್ಪೆ, ಹಕ್ಕಿ, ಅಣಬೆ, ಏನು ಸಿಕ್ಕಿದರೆ ಅದು. ತಿನ್ನದಿದ್ದರೆ ಗುರಿ ಹಿಡಿದ ಕೈ ನಡುಗುತ್ತದೆ, ಹೊಟ್ಟೆ ಗುರ್ರೆನ್ನುತ್ತದೆ. ಪೊದೆಯಲ್ಲಿ ಉಸಿರು ಬಿಗಿಹಿಡಿದು ಮಲಗಿದ್ದಾಗ ಹೊಟ್ಟೆಯ ಸದ್ದಿಗೆ ಕಾವಲಿನವನು ತಿರುಗಿ ನೋಡಿದರೆ ಹೇಗಿರುತ್ತದೆ ಯೋಚಿಸಿ! ಮೊದಲ ಸಲ ಹಾಗಾದಾಗ ನಗಬೇಕೋ ಓಡಬೇಕೋ ತಿಳಿಯದೆ ಸಿಕ್ಕಿಬಿದ್ದೆ.

ಈ ಆಟದ ಮುಕ್ಕಾಲು ಪಾಲು ಹಾಸ್ಯ ಹುಟ್ಟುವುದು ಹೊಟ್ಟೆಯಿಂದಲೇ. ಚೀಲದಲ್ಲಿಟ್ಟ ಮಾಂಸ ಹೊತ್ತು ಕಳೆದಂತೆ ಹಳಸುತ್ತದೆ. ಆಟದೊಳಗಿನ ಹೊತ್ತಲ್ಲ, ನಮ್ಮ ಕೋಣೆಯ ಗಡಿಯಾರದ ಹೊತ್ತು. ಯಂತ್ರ ಆರಿಸಿ ನಾಲ್ಕು ದಿನ ಬಿಟ್ಟು ಬಂದರೆ ಚೀಲದ ಸುತ್ತ ನೊಣ. ಹಳಸಿದ್ದನ್ನು ತಿಂದರೆ ಹೊಟ್ಟೆ ಕೆಡುತ್ತದೆ. ಎಸೆದುಬಿಡೋಣವೆಂದು ಕಾವಲಿನವನ ದಾರಿಗೆ ಎಸೆದರೆ, ಅವನು ಹಸಿದಿದ್ದರೆ ಎತ್ತಿ ತಿಂದು ತಾನೂ ಒದ್ದಾಡುತ್ತಾನೆ. ಅವನು ಹಸಿಯುವಂತೆ ಮಾಡುವುದೂ ನಮ್ಮ ಕೈಯಲ್ಲೇ ಇದೆ. ಅವರ ಆಹಾರದ ಉಗ್ರಾಣಕ್ಕೆ ಬಾಂಬ್ ಇಟ್ಟರೆ ಆ ಸುತ್ತಿನ ಸೈನಿಕರೆಲ್ಲ ಹಸಿವಿನಿಂದ ಕಂಗೆಡುತ್ತಾರೆ. ಮದ್ದುಗುಂಡಿನ ಉಗ್ರಾಣ ಸಿಡಿಸಿದರೆ ಗುಂಡಿಗೆ ತತ್ವಾರ. ಹಾವನ್ನು ಕೊಲ್ಲದೆ ಜೀವಂತ ಹಿಡಿದು ಪಂಜರದಲ್ಲಿಟ್ಟುಕೊಂಡರೆ ಬೇಕಾದಾಗ ಶತ್ರುವಿನ ಮೇಲೆಯೇ ಎಸೆಯಬಹುದು. ಇದ್ಯಾವುದನ್ನೂ ಮಾಡು ಎಂದು ಆಟ ಹೇಳುವುದಿಲ್ಲ. 'ಹೀಗೆ ಮಾಡಿದರೆ ಹೇಗೆ' ಎಂಬ ತರಲೆ ಬುದ್ಧಿ ನಮಗೇ ಬರಬೇಕು. ಬಂದರೆ, ಆಟ ಅದನ್ನು ಮೊದಲೇ ಊಹಿಸಿ ಉತ್ತರ ಇಟ್ಟುಕೊಂಡು ಕೂತಿರುತ್ತದೆ.

ಆ ಉತ್ತರ ಯಾವತ್ತೂ ಪುಕ್ಕಟೆಯಲ್ಲ ಎಂಬುದು ನನಗೆ ಅರ್ಥವಾದದ್ದು ದ ಎಂಡ್ ಎಂಬ ಮುದುಕನಿಂದ. ನೂರು ದಾಟಿದ ಸ್ನೈಪರ್. ಗಾಲಿಕುರ್ಚಿಯಲ್ಲಿ ತೂಕಡಿಸುವವನು ಕಾಡಿಗಿಳಿದರೆ ಮರದ ತೊಗಟೆಯಂತೆ ಹಸಿರಲ್ಲಿ ಕರಗಿಹೋಗುತ್ತಾನೆ. ಮೂರು ದೊಡ್ಡ ಮೈದಾನಗಳ ತುಂಬ ಹುಡುಕಬೇಕು. ದಿಕ್ಕು ಹಿಡಿಯುವ ಮೈಕ್ ಹಿಡಿದು ಕಿವಿಗೊಟ್ಟರೆ ಅವನ ಉಸಿರು, ಕೆಲವೊಮ್ಮೆ ಗೊರಕೆ ಕೇಳುತ್ತದೆ. ಶಾಖ ತೋರುವ ಕನ್ನಡಕ ಹಾಕಿದರೆ ಹೆಜ್ಜೆಗುರುತು ಕಾಣುತ್ತದೆ. ಅವನ ಸಾಕು ಗಿಣಿಯನ್ನೂ ಬಿಡದೆ ಬೇಟೆಯಾಡಿ ತಿನ್ನಬಹುದು (ನಾನು ತಿಂದಿದ್ದೇನೆ, ಹೆಮ್ಮೆಯೇನಿಲ್ಲ).

ಮೊದಲ ಸಲ ಅವನೆದುರು ಒಂದೂವರೆ ಗಂಟೆ ಕಳೆದು, ಸೋತು, ಗೆಳೆಯನೊಬ್ಬನಿಗೆ ಗೋಳು ತೋಡಿಕೊಂಡೆ. 'ಸೇವ್ ಮಾಡಿ ಒಂದು ವಾರ ಬಿಟ್ಟು ಬಾ, ಮುದುಕ ತಾನೇ ಸಾಯುತ್ತಾನೆ' ಎಂದ. ಗೇಲಿ ಮಾಡುತ್ತಿದ್ದಾನೆ ಅಂದುಕೊಂಡೆ. ವಾರ ಕಾಯುವ ತಾಳ್ಮೆಯೂ ಇರಲಿಲ್ಲ. ಯಂತ್ರದ ಗಡಿಯಾರವನ್ನೇ ಮುಂದಕ್ಕೆ ತಿರುಗಿಸಿ ಲೋಡ್ ಮಾಡಿದೆ. ನಿಜಕ್ಕೂ ಮುದುಕ ವಯಸ್ಸಾಗಿ ಸತ್ತಿದ್ದ! ಎದ್ದು ಕುಣಿದೆ. ಆಮೇಲೆ ಚೀಲ ತೆಗೆದು ನೋಡಿದರೆ ಕೂಡಿಟ್ಟ ಮಾಂಸವೆಲ್ಲ ಕೊಳೆತಿತ್ತು. ವಾರ ಕಳೆದದ್ದು ಅವನಿಗೆ ಮಾತ್ರವೇ? ಅವನನ್ನು ಕೊಲ್ಲದೆ ದಣಿಸಿ ಸೋಲಿಸಿದವರಿಗೆ ಸಿಗುವ ಬಂದೂಕೂ ನನಗೆ ಸಿಗಲಿಲ್ಲ. ಒಂದು ಕಳ್ಳದಾರಿ ಹಿಡಿದವನಿಗೆ ಅದೇ ದಾರಿಯಲ್ಲಿ ಸುಂಕ ವಸೂಲಿ. ಇಷ್ಟು ಅಚ್ಚುಕಟ್ಟಾದ ಜೋಕನ್ನು ಬೇರೆ ಯಾವ ಆಟದಲ್ಲೂ ನಾನು ಕಂಡಿಲ್ಲ.

ಇನ್ನೊಂದು ದಾರಿಯೂ ಇದೆ. ಬಹಳ ಮೊದಲೇ, ನದಿದಂಡೆಯ ಗೋದಾಮಿನ ಬಳಿ ಅವನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುವಾಗ ಕೆಲವೇ ಕ್ಷಣ ಗುರಿಗೆ ಸಿಗುತ್ತಾನೆ. ಹೊಡೆದರೆ ಕುರ್ಚಿ ಸಿಡಿದು ಅದರ ಚಕ್ರ ನಮ್ಮತ್ತಲೇ ಹಾರಿಬರುತ್ತದೆ. ಆಗ ಮುಂದಿನ ಕಾಡು ಖಾಲಿ ಇರುವುದಿಲ್ಲ, ಅವನ ಬದಲು ಆಸಿಲಾಟ್ ಎಂಬ ಹರೆಯದ ಸೋವಿಯತ್ ಅಧಿಕಾರಿಯ ಪಡೆ ಕಾಯುತ್ತಿರುತ್ತದೆ.

ಈಗ ರಣಹದ್ದಿನ ಕಥೆ. ಇದಕ್ಕೆ ದ ಸಾರೋ ಬೇಕು. ಹೆಸರೇ ಶೋಕ, ಅವನೊಬ್ಬ ಪ್ರೇತ. ಅವನೊಡನೆ ಹೋರಾಟ ಎಂಬುದೇ ಇಲ್ಲ. ಮಂಜು ಕವಿದ ನದಿಯಲ್ಲಿ ಎದುರು ನಡೆಯಬೇಕು, ಅಷ್ಟೇ. ಅಲ್ಲಿಯವರೆಗೆ ನಾವು ಕೊಂದವರೆಲ್ಲ ಒಬ್ಬೊಬ್ಬರಾಗಿ ಎದುರಾಗುತ್ತಾರೆ. ಕತ್ತು ಕೊಯ್ದವನು ಕತ್ತು ಹಿಡಿದು ಬರುತ್ತಾನೆ, ಸುಟ್ಟವನು ಉರಿಯುತ್ತಾ ಬರುತ್ತಾನೆ. ಮೊದಲ ಸಲ ನಾನು ಸಿಕ್ಕಸಿಕ್ಕವರನ್ನೆಲ್ಲ ಹೊಡೆದುರುಳಿಸಿದ್ದೆ, ನದಿ ಮುಗಿಯಲೇ ಇಲ್ಲ. ಎರಡನೇ ಸಲ ಮತ್ತಿನ ಗುಂಡಿನಲ್ಲೇ ಆಡಿದ್ದರಿಂದ ಕಥೆ ಕೊಂದ ಕೆಲವರು ಬಿಟ್ಟರೆ ನೀರು ಖಾಲಿ. ಮಾಡಿದ್ದುಣ್ಣೋ ಮಹಾರಾಯ ಎಂಬುದನ್ನು ಅಕ್ಷರಶಃ ಆಡಿಸಿದ್ದಾರೆ.

ಅಕ್ಷರಶಃ ಎಂದೆನಲ್ಲ, ಡೆಲ್ಟಾದಲ್ಲಿ ಬೆಟ್ಟ ಹತ್ತುವಾಗ ಒಬ್ಬ ಸೈನಿಕನನ್ನು ಕೊಂದೆ. ರಣಹದ್ದು ಬಂದು ಹೆಣಕ್ಕೆ ಕೂತಿತು. ಸ್ಟಾಮಿನಾ ಕಡಿಮೆಯಿತ್ತು, ಹದ್ದನ್ನು ಹೊಡೆದು ತಿಂದೆ. ಗಂಟೆಗಳ ನಂತರ ನದಿಯಲ್ಲಿ ಒಬ್ಬ ಬಂದ, ಮೈಮೇಲೆ ಹದ್ದು ಕೂರಿಸಿಕೊಂಡು. ನನ್ನನ್ನು ತಿಂದೆಯಲ್ಲೋ ಎಂದು ಕಿರುಚಿದ! ಕಂಟ್ರೋಲರ್ ಕೆಳಗಿಟ್ಟು ಸುಮ್ಮನೆ ಕೂತುಬಿಟ್ಟೆ. 2004ರಲ್ಲಿ ಯಾರೋ ಕೂತು, 'ಆಟಗಾರ ಕೊಲ್ಲುತ್ತಾನೆ, ಹದ್ದು ತಿನ್ನುತ್ತದೆ, ಹದ್ದನ್ನು ಅವನು ತಿನ್ನುತ್ತಾನೆ' ಎಂದು ಲೆಕ್ಕ ಹಾಕಿ, ಸಾವಿರದಲ್ಲಿ ಒಬ್ಬನಿಗೆ ಕಂಡರೂ ಕಾಣಲಿ ಎಂದು ಬರೆದಿಟ್ಟಿದ್ದಾರೆ. ಹೊಟ್ಟೆಯಿಂದ ಹುಟ್ಟಿದ ತಮಾಷೆಯೇ ಇಲ್ಲಿ ಹೊಟ್ಟೆ ತೊಳಸುವಂತೆ ತಿರುಗಿಬೀಳುತ್ತದೆ.

ಆ ನದಿಯ ಕೊನೆ ಇನ್ನೂ ಕುತಂತ್ರದ್ದು. ಏನೇ ಮಾಡಿದರೂ ಸ್ನೇಕ್ ಸಾಯುತ್ತಾನೆ, ಸತ್ತ ಎಂಬ ಪರದೆ ಬರುತ್ತದೆ. ನಾನು ಮೊದಲ ಸಲ ಮುಂದುವರಿಸು ಒತ್ತಿ ಒತ್ತಿ ಆ ನದಿಯನ್ನು ಮೂರು ಸಲ ನಡೆದೆ. ನಿಜವಾದ ದಾರಿ ಬೇರೆ. ಸತ್ತ ಪರದೆಯ ಮೇಲೆಯೇ ಸಾಮಾನುಗಳ ಪಟ್ಟಿ ತೆರೆದು, ಸುಳ್ಳು ಸಾವಿನಿಂದ ಎಬ್ಬಿಸುವ ಮಾತ್ರೆ ನುಂಗಬೇಕು. 'ಆಟ ಮುಗಿಯಿತು' ಎಂಬ ಪರದೆಯೂ ಆಟದೊಳಗಿನದೇ ಎಂದು ಯಾರಿಗೆ ಹೊಳೆಯಬೇಕು? ಇದೇ ಪರದೆಯ ಮೇಲೆ ಇನ್ನೊಂದು ಕಿತಾಪತಿಯಿದೆ. ಪ್ರಜ್ಞೆ ತಪ್ಪಿ ಬಿದ್ದ ಆಸಿಲಾಟ್‌ನನ್ನು ಕೊಂದರೆ, ಹಿಂದಿನ ಆಟಗಳ ಕರ್ನಲ್‌ನ ದನಿ ಬಂದು 'ಭವಿಷ್ಯ ಬದಲಾಗಿಹೋಯಿತಲ್ಲ, ಟೈಮ್ ಪ್ಯಾರಡಾಕ್ಸ್ ಮಾಡಿಬಿಟ್ಟೆ' ಎಂದು ಬೈಯುತ್ತದೆ. ಹಿಂದಿನ ಆಟಗಳ ಕಥೆ ನಡೆಯುವುದು ಇದರ ನಂತರದ ಕಾಲದಲ್ಲಿ, ಅಲ್ಲಿಗೆ ಆ ಹುಡುಗ ಬೇಕಾದವನು.

ಸಣ್ಣಪುಟ್ಟವು ಲೆಕ್ಕವಿಲ್ಲದಷ್ಟಿವೆ. ಗಾಯ ನೋಡಿಕೊಳ್ಳುವ ಮೆನುವಿನಲ್ಲಿ ಸ್ನೇಕ್‌ನನ್ನು ಗಿರಗಿರ ತಿರುಗಿಸಿ ಆಟಕ್ಕೆ ಮರಳಿದರೆ ತಲೆತಿರುಗಿ ವಾಂತಿ ಮಾಡುತ್ತಾನೆ. ಕೆಟ್ಟದ್ದು ತಿಂದಾಗ ಇದೇ ಔಷಧಿ. ಹೊಳೆಯುವ ಅಣಬೆ ತಿಂದರೆ ತನ್ನ ಉಪಕರಣಗಳ ಬ್ಯಾಟರಿ ತುಂಬಿತೆಂದು ನಂಬುತ್ತಾನೆ, ರೇಡಿಯೊದಲ್ಲಿ ಸಲಹೆ ಕೊಡುವ ವೈದ್ಯೆ ಪ್ಯಾರಾ-ಮೆಡಿಕ್ ಎಷ್ಟು ಹೇಳಿದರೂ ಕೇಳುವುದಿಲ್ಲ. ಮೊಸಳೆ ತಲೆಯ ಟೋಪಿ ಹಾಕಿ ನೀರಿನಲ್ಲಿ ತೇಲಿದರೆ ದಡದವನಿಗೆ ಚಳ್ಳೆಹಣ್ಣು. ರಟ್ಟಿನ ಪೆಟ್ಟಿಗೆಯೊಳಗೆ ಹೊಕ್ಕು ಆಯುಧ, ಉಪಕರಣಗಳ ಬಗ್ಗೆ ಹೇಳುವ ಸಿಗಿಂಟ್‌ಗೆ ರೇಡಿಯೊದಲ್ಲಿ ಕರೆಮಾಡಿ, ಈ ಪೆಟ್ಟಿಗೆಯಲ್ಲಿರುವುದೇ ತನ್ನ ವಿಧಿ ಎಂಬಂತೆ ಸ್ನೇಕ್ ಆಡುವ ಭಾಷಣ ಕೇಳಿ. ಅದನ್ನು ಇಲ್ಲಿ ಬರೆದರೆ ರುಚಿ ಕೆಡುತ್ತದೆ.

ಜೈಲಿನದು ಹೇಳಲೇಬೇಕು. ಚಿತ್ರಹಿಂಸೆಯ ನಂತರ ಸ್ನೇಕ್‌ನನ್ನು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಕಾವಲಿಗೆ ಜಾನಿ ಎಂಬವನು. 1998ರ ಮೊದಲ ಮೆಟಲ್ ಗೇರ್ ಸಾಲಿಡ್‌ನಲ್ಲಿ ಹೊಟ್ಟೆ ಕೆಟ್ಟು ಓಡಾಡುತ್ತಿದ್ದ ಕಾವಲುಗಾರ ನೆನಪಿದೆಯಲ್ಲ, ಅವನ ತಾತ ಈತ. ತನ್ನ ಮಗನ ಫೋಟೊ ತೋರಿಸುತ್ತಾನೆ, ಅವನ ಹೆಸರೂ ಜಾನಿ. ನಾಲ್ಕು ಸಲ ಆಡಿದಾಗಲೂ ಅವನು ಕೊಟ್ಟ ಊಟ ತಿಂದು, ದ ಸಾರೋ ಸುಳಿವು ಕೊಡುವ 144.75 ಎಂಬ ರೇಡಿಯೊ ಸಂಖ್ಯೆ ಒತ್ತಿ ಬಾಗಿಲು ತೆರೆಸಿ ಹೊರಟುಬಿಟ್ಟಿದ್ದೆ. ಈ ಸಲ ಏನೋ ಅನ್ನಿಸಿ ಊಟವನ್ನು ಕಂಬಿಯಾಚೆ ಅವನತ್ತಲೇ ಎಸೆದೆ. ತಿಂದುಬಿಟ್ಟ! ಅಷ್ಟು ಹೊತ್ತು ಬಂದೂಕು ಹಿಡಿದು ಗದರುತ್ತಿದ್ದವನು ಊಟ ಕಂಡರೆ ಕರಗುವ ಪಾಪದ ಪ್ರಾಣಿ.

ಅದೇ ಕೋಣೆಯಲ್ಲಿ ಸೇವ್ ಮಾಡಿ, ಆರಿಸಿ, ಮತ್ತೆ ಲೋಡ್ ಮಾಡಿದರೆ ಬೇರೆಯೇ ಒಂದು ಆಟ ಶುರುವಾಗುತ್ತದೆ. ಕತ್ತಲಲ್ಲಿ ಯಾರೋ ಅಪರಿಚಿತ ಕೊಕ್ಕೆಯಂಥ ಕತ್ತಿಗಳಿಂದ ಪಿಶಾಚಿಗಳನ್ನು ಸಿಗಿಯುತ್ತಿರುತ್ತಾನೆ. ಅದು ಸ್ನೇಕ್‌ನ ದುಃಸ್ವಪ್ನ. ನಾನು ಡಿಸ್ಕ್ ಅದಲುಬದಲಾಯಿತೇನೋ ಎಂದು ಮುಚ್ಚಳ ತೆಗೆಯಲು ಹೊರಟಿದ್ದೆ. ಎಚ್‌ಡಿ ಆವೃತ್ತಿಯಲ್ಲಿ ಇದನ್ನು ಕಿತ್ತುಹಾಕಿದ್ದರು. ಆ ಕೋಣೆಯಲ್ಲಿ ಸೇವ್ ಮಾಡಿ ಲೋಡ್ ಮಾಡಿ ಬೇಸ್ತುಬಿದ್ದದ್ದು ಇನ್ನೂ ನೆನಪಿದೆ. ಡೆಲ್ಟಾಗೆ ಪ್ಲಾಟಿನಮ್‌ಗೇಮ್ಸ್ ಎಂಬ ಆಟದ ಕಂಪನಿ ಅದನ್ನು ಹೊಸದಾಗಿ ಮಾಡಿಕೊಟ್ಟಿದೆ. ಚೆನ್ನಾಗಿದೆ, ಹಳೆಯದರಷ್ಟು ಗಾಬರಿ ಹುಟ್ಟಿಸುವುದಿಲ್ಲ. ಹಳೆಯದು ಯಾವುದೋ ತಪ್ಪಿನಿಂದ ಬಂದಂತಿತ್ತು, ಇದು ಬೇಕೆಂದೇ ಇಟ್ಟಂತಿದೆ.

ಎಲ್ಲ ತಮಾಷೆಯೂ ಚೆನ್ನಾಗಿ ಮಾಗಿಲ್ಲ. ಕಥಾದೃಶ್ಯದ ನಡುವೆ ಆರ್1 ಒತ್ತಿದರೆ ಸ್ನೇಕ್‌ನ ಕಣ್ಣಿನಿಂದ ನೋಡಬಹುದು. ಇದನ್ನು ದ ಸಾರೋನ ಪ್ರೇತ ಮೂಲೆಯಲ್ಲಿ ನಿಂತಿರುವುದನ್ನು ತೋರಿಸಲು ಬಳಸಿದ್ದಾರೆ, ಅದು ಅದ್ಭುತ. ಆದರೆ ಹೆಚ್ಚಿನ ಸಲ ಕಾಣುವುದು ಸ್ನೇಕ್‌ಗೆ ನೆರವಾಗುವ ಗೂಢಚಾರಿಣಿ ಈವಾಳ ಎದೆ. ಮೊದಲ ಸಲ ಆಡಿದ ವಯಸ್ಸಿಗೆ ನಕ್ಕಿದ್ದೆ. ಈಗ ಪಕ್ಕದಲ್ಲಿ ಯಾರಾದರೂ ಕೂತಿದ್ದರೆ ಬಟನ್ ಮುಟ್ಟುವುದಿಲ್ಲ. ಶತ್ರು ಅಧಿಕಾರಿ ರೈಕೋವ್‌ನ ವೇಷದ ಸುತ್ತ ಹೆಣೆದ ಹಾಸ್ಯವೂ ಅಷ್ಟೇ, ಅಗ್ಗದ್ದು.

ಡೆಲ್ಟಾ ಕೊಳ್ಳಬೇಕೇ ಎಂದು ಕೇಳುವವರಿಗೆ: ಕೊಳ್ಳಿ. ಕಾಡಿನಲ್ಲಿ ಮರೆಯಾಗಲು ತೊಡುವ ವೇಷ, ಮೈಬಣ್ಣ ಬದಲಿಸಲು ಪ್ರತಿ ಸಲ ಮೆನುವಿನ ಹೊಟ್ಟೆಯೊಳಗೆ ಇಳಿಯುವ ಕಾಟ ತಪ್ಪಿದೆ, ಒಂದು ಬಟನ್ ಹಿಡಿದರೆ ಸಾಕು. ಹಳೆಯ ಕ್ಯಾಮೆರಾ ಬೇಕಾದವರಿಗೆ ಅದೂ ಇದೆ. ಬಿದ್ದ ಗಾಯದ ಕಲೆ ಕೊನೆಯವರೆಗೂ ಸ್ನೇಕ್‌ನ ಮೈಮೇಲೆ ಉಳಿಯುತ್ತದೆ, ಮೂಲ ಆಟದ ನೆನಪಿನ ಶಕ್ತಿಗೆ ತಕ್ಕ ಸೇರ್ಪಡೆ ಇದೊಂದೇ. ನನ್ನ ತಕರಾರು ಆಟೊಸೇವ್ ಬಗ್ಗೆ. ಹಿಂದೆ ಸೇವ್ ಮಾಡಲು ಪ್ಯಾರಾ-ಮೆಡಿಕ್‌ಗೆ ಕರೆಮಾಡಲೇಬೇಕಿತ್ತು. ಆಗ ಅವಳು ಸಿನಿಮಾ ಕಥೆ ಕೊರೆಯುತ್ತಿದ್ದಳು, ಬೇಡವೆಂದರೂ ಕೇಳುತ್ತಿದ್ದೆವು. ಆ ಹರಟೆಯಿಂದಲೇ ನಾನು ಅರ್ಧ ತಮಾಷೆಗಳ ಬೆನ್ನು ಹತ್ತಿದ್ದು. ಈಗ ಕರೆಮಾಡುವ ಅಗತ್ಯವೇ ಬೀಳುವುದಿಲ್ಲ. ಹೊಸಬರು ಪೆಟ್ಟಿಗೆಯ ಭಾಷಣ ಕೇಳದೆಯೇ ಆಟ ಮುಗಿಸುತ್ತಾರೆ. ಅವರಿಗೆ ನನ್ನದೊಂದೇ ಸಲಹೆ, ಏನೇ ವಿಚಿತ್ರ ತೊಟ್ಟರೂ, ಏನೇ ವಿಚಿತ್ರ ತಿಂದರೂ ಒಮ್ಮೆ ರೇಡಿಯೊ ಎತ್ತಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಕಾಡಿನುದ್ದಕ್ಕೂ ಅಡಗಿಸಿಟ್ಟ 64 ಕೆರೊಟಾನ್ ಕಪ್ಪೆ ಗೊಂಬೆಗಳಿಗೆ ಗುಂಡು ಹೊಡೆದರೆ ಮಾಯವಾಗುವ ವೇಷ ಸಿಗುತ್ತದೆ. ನನ್ನ ಲೆಕ್ಕ 63ಕ್ಕೆ ನಿಂತಿದೆ. ಉಳಿದದ್ದು ಕೊನೆಯ ಬೈಕ್ ಓಟದಲ್ಲೇ ಎಲ್ಲೋ ಇರಬೇಕು, ಹಿಂದಿನಿಂದ ಗುಂಡಿನ ಮಳೆ ಸುರಿಯುವಾಗ ರಸ್ತೆಬದಿಯ ಕಪ್ಪೆ ಯಾರ ಕಣ್ಣಿಗೆ ಬೀಳಬೇಕು. ಡೆಲ್ಟಾದವರು ಸಾಲದೆಂದು 64 ಬಾತುಕೋಳಿಗಳನ್ನೂ ಸೇರಿಸಿದ್ದಾರೆ. ಅವುಗಳಲ್ಲಿ ನನಗೆ ಸಿಕ್ಕಿರುವುದು ಹನ್ನೊಂದು.