ಬುಷ್‌ನಲ್ಲಿ ಒಂಟಿಯಾಗಿ ನಡಿಯೋರಿಗೆ ಪಿಎಲ್‌ಬಿ ತಗೋಬೇಕಾ? ಮೂರು ವರ್ಷ ಇಟ್ಕೊಂಡ ಮೇಲೆ ನನ್ನ ರಿವ್ಯೂ

ಆಸ್ಟ್ರೇಲಿಯಾದ ಬುಷ್‌ನಲ್ಲಿ, ಅಂದ್ರೆ ಇಲ್ಲಿನ ಕಾಡುಮೇಡಲ್ಲಿ, ಒಬ್ಬಳೇ ನಡಿಯೋಕೆ ಶುರು ಮಾಡಿ ಆರು ವರ್ಷ ಆಯ್ತು, ಅದ್ರಲ್ಲಿ ಕೊನೇ ಮೂರು ವರ್ಷದಿಂದ ನನ್ನ ಬ್ಯಾಗಿನ ಭುಜದ ಪಟ್ಟಿಗೆ ಒಂದು ಪಿಎಲ್‌ಬಿ ಇದ್ದೇ ಇರುತ್ತೆ. ಪರ್ಸನಲ್ ಲೊಕೇಟರ್ ಬೀಕನ್, ಅಂದ್ರೆ ಜೀವಕ್ಕೆ ಅಪಾಯ ಆದಾಗ ಬಟನ್ ಒತ್ತಿ ಸ್ಯಾಟಲೈಟ್ ಮೂಲಕ ಸಹಾಯ ಕರೆಯೋ ಸಣ್ಣ ಡಬ್ಬಿ. ನಂದು ಓಷನ್ ಸಿಗ್ನಲ್ ಕಂಪನಿಯ ರೆಸ್ಕ್ಯೂಮಿ ಪಿಎಲ್‌ಬಿ1. ಇದನ್ನ ಇವತ್ತಿನವರೆಗೆ ಒಂದ್ಸಲಾನೂ ಆನ್ ಮಾಡಿಲ್ಲ, ಆನ್ ಮಾಡ್ದೇ ಇರೋ ವಸ್ತುಗೆ ಎಂಥ ರಿವ್ಯೂ ಅಂತ ಕೇಳ್ಬಹುದು. ಆದ್ರೆ ಹೋದ ಜುಲೈನಲ್ಲಿ ಒಂದು ರಾತ್ರಿ ಇದನ್ನ ಕೈಯಲ್ಲಿ ಹಿಡ್ಕೊಂಡು, ಬಟನ್ ಮೇಲಿನ ಮುಚ್ಚಳದ ಹತ್ರ ಹೆಬ್ಬೆರಳಿಟ್ಕೊಂಡು ಬೆಳಗಿನ ತನಕ ಕೂತಿದ್ದೆ. ಇದು ಏನು ಮಾಡುತ್ತೆ, ಏನು ಮಾಡೋಕಾಗಲ್ಲ ಅನ್ನೋದು ಆ ರಾತ್ರಿ ಅರ್ಥ ಆದಷ್ಟು ಮ್ಯಾನ್ಯುಯಲ್ ಓದಿದಾಗ ಆಗಿರ್ಲಿಲ್ಲ.

ಮೊದಲು ವಸ್ತು ಬಗ್ಗೆ ಹೇಳ್ಬಿಡ್ತೀನಿ. ತೂಕ 116 ಗ್ರಾಂ, ಅಂಗೈಲಿ ಮುಚ್ಕೊಳ್ಳುತ್ತೆ. ಬ್ಯಾಟರಿ 7 ವರ್ಷ ಬರುತ್ತೆ, ಒಂದ್ಸಲ ಆನ್ ಮಾಡಿದ್ರೆ ಕಮ್ಮಿ ಅಂದ್ರೂ 24 ಗಂಟೆ ಸಿಗ್ನಲ್ ಕಳಿಸ್ತಾನೇ ಇರುತ್ತೆ. ಒಳಗೆ ಜಿಪಿಎಸ್ ಇದೆ, ಮಿಣುಕೋ ಲೈಟ್ ಇದೆ. ಆಂಟೆನಾ ಎಳೀಬೇಕು, ಮುಚ್ಚಳ ಎತ್ತಬೇಕು, ಬಟನ್ ಒತ್ತಿ ಹಿಡೀಬೇಕು, ಅಷ್ಟೆ, ಒಂದು ಕೈ ಮುರಿದಿದ್ರೂ ಇನ್ನೊಂದು ಕೈಲಿ ಮಾಡ್ಬಹುದು. ತಿಂಗಳಿಗಿಷ್ಟು ಅಂತ ಕಟ್ಟೋ ಹಾಗಿಲ್ಲ. ನಾನು ತಗೊಂಡಾಗ 400 ಡಾಲರ್ ಒಳಗೇ ಬಂತು, ಏಳು ವರ್ಷಕ್ಕೆ ಹಂಚಿದ್ರೆ ವರ್ಷಕ್ಕೆ ಅರವತ್ತೂ ಆಗಲ್ಲ.

ಬಟನ್ ಒತ್ತಿದ್ರೆ 406 ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ಕಾಸ್ಪಾಸ್-ಸಾರ್ಸಾಟ್ ಸ್ಯಾಟಲೈಟ್‌ಗಳಿಗೆ ಹೋಗುತ್ತೆ, ಅಲ್ಲಿಂದ ಕ್ಯಾನ್‌ಬೆರಾದಲ್ಲಿರೋ ಆಮ್ಸಾಗೆ, ಅಂದ್ರೆ ಆಸ್ಟ್ರೇಲಿಯನ್ ಮ್ಯಾರಿಟೈಮ್ ಸೇಫ್ಟಿ ಅಥಾರಿಟಿಯ ರೆಸ್ಪಾನ್ಸ್ ಸೆಂಟರ್‌ಗೆ. ಕಾಡಲ್ಲಿ ಕಾಲು ಮುರ್ಕೊಂಡೋರನ್ನ ಕಡಲಿನ ಇಲಾಖೆ ಯಾಕೆ ನೋಡ್ಕೊಳ್ಳುತ್ತೆ ಅಂತ ನಂಗೂ ಮೊದಲು ವಿಚಿತ್ರ ಅನ್ಸಿತ್ತು, ಆದ್ರೆ ಬೀಕನ್ ಯಾವುದೇ ಆಗ್ಲಿ, ಹಡಗಿಂದು ವಿಮಾನದ್ದು ನಡಿಯೋರದ್ದು, ಎಲ್ಲಾ ಅವ್ರ ಹತ್ರಾನೇ ಹೋಗೋದು. ಈ ಸ್ಯಾಟಲೈಟ್ ವ್ಯವಸ್ಥೆ ಶುರು ಮಾಡಿದ್ದು ಅಮೆರಿಕ, ಕೆನಡಾ, ಫ್ರಾನ್ಸ್ ಮತ್ತೆ ಆಗಿನ ಸೋವಿಯತ್ ಒಕ್ಕೂಟ, ಒಬ್ಬರ ಮೇಲೊಬ್ರು ಕ್ಷಿಪಣಿ ಗುರಿ ಇಟ್ಕೊಂಡಿದ್ದ ಕಾಲದಲ್ಲಿ, ದಾರಿ ತಪ್ಪಿದೋರನ್ನ ಹುಡುಕೋಕೆ ಅಂತ ಒಂದಾದ್ರು. 1982ರ ಸೆಪ್ಟೆಂಬರ್‌ನಲ್ಲಿ ಕೆನಡಾದಲ್ಲಿ ಬಿದ್ದ ಒಂದು ಸಣ್ಣ ವಿಮಾನದೋರನ್ನ ಇದ್ರಿಂದ ಮೊದಲ ಸಲ ಉಳಿಸಿದ್ರು. ಇದನ್ನ ಓದಿದಾಗ್ಲಿಂದ ಆ ಡಬ್ಬಿ ಮೇಲೆ ನಂಗೆ ಒಂಥರಾ ಗೌರವ.

ಜಿಪಿಎಸ್ ಇರೋದೇ ತಗೊಳ್ಳಿ. ಅದಿದ್ರೆ ನೀವಿರೋ ಜಾಗ ನಿಮಿಷಗಳಲ್ಲಿ, ಸುಮಾರು ನೂರು ಮೀಟರ್ ಹೆಚ್ಚುಕಮ್ಮಿಯಲ್ಲಿ ಅವ್ರಿಗೆ ಸಿಗುತ್ತೆ, ಇಲ್ಲದಿದ್ರೆ ಕಿಲೋಮೀಟರ್‌ಗಟ್ಲೆ ಹುಡುಕ್ಬೇಕು, ಗಂಟೆಗಟ್ಲೆ ಹೋಗುತ್ತೆ. ಹಳೇದು ಕಮ್ಮಿ ರೇಟಿಗೆ ಸಿಕ್ತು ಅಂತ 121.5 ಮೆಗಾಹರ್ಟ್ಸ್ ಮಾತ್ರ ಇರೋ ಬೀಕನ್ ದಯವಿಟ್ಟು ತಗೋಬೇಡಿ, 2009ರ ಫೆಬ್ರವರಿ 1ರಿಂದ ಸ್ಯಾಟಲೈಟ್‌ಗಳು ಆ ಸಿಗ್ನಲ್ ಕೇಳಿಸ್ಕೊಳ್ಳೋದೇ ಇಲ್ಲ. ಆಮೇಲೆ ಬೀಕನ್ನ ಆಮ್ಸಾ ಹತ್ರ ರಿಜಿಸ್ಟರ್ ಮಾಡ್ಲೇಬೇಕು, ಫ್ರೀ ಅದು, ಎರಡು ವರ್ಷಕ್ಕೊಮ್ಮೆ ರಿನ್ಯೂ. ನೀವು ಕೊಟ್ಟಿರೋ ನಂಬರ್‌ಗೆ ಅವ್ರು ಮೊದಲು ಫೋನ್ ಮಾಡೋದು, ಹಂಗಾಗಿ ನೀವು ಎಲ್ಲಿಗೆ ಹೋಗಿದೀರ ಅಂತ ನಿಜವಾಗ್ಲೂ ಗೊತ್ತಿರೋರ ನಂಬರ್ ಕೊಡಿ. ನಾನು ಮೊದಲು ನಮ್ಮನೆಯವರ ನಂಬರ್ ಒಂದೇ ಕೊಟ್ಟಿದ್ದೆ, ಅವ್ರು ನೈಟ್ ಶಿಫ್ಟ್‌ನಲ್ಲಿ ಫೋನ್ ಲಾಕರ್‌ನಲ್ಲಿಟ್ಟು ಹೋಗ್ತಾರೆ ಅನ್ನೋದು ಆಗ ತಲೆಗೇ ಬಂದಿರ್ಲಿಲ್ಲ.

ಈಗ ಆ ರಾತ್ರಿ.

ಕನಂಗ್ರಾ-ಬಾಯ್ಡ್ ನ್ಯಾಷನಲ್ ಪಾರ್ಕ್, ಸಿಡ್ನಿಯಿಂದ ಪಶ್ಚಿಮಕ್ಕೆ, ಓಬೆರಾನ್ ಅನ್ನೋ ಊರು ದಾಟಿದ ಮೇಲೆ ಫೋನ್ ಸಿಗ್ನಲ್ ಮರೆತುಬಿಡ್ಬೇಕು. ಜುಲೈ ಅಂದ್ರೆ ಅಲ್ಲಿ ಗಡಗಡ ಚಳಿ, ರಾತ್ರಿ ಸೊನ್ನೆಗಿಂತ ಕೆಳಗೆ ಹೋಗುತ್ತೆ, ಜನ ಇರಲ್ಲ, ಅದಕ್ಕೇ ನಂಗಿಷ್ಟ. ಮಧ್ಯಾಹ್ನ ಒಂದು ಫೈರ್ ಟ್ರೇಲ್, ಅಂದ್ರೆ ಕಾಡ್ಗಿಚ್ಚು ಆರಿಸೋ ಗಾಡಿಗಳಿಗೆ ಅಂತ ಮಾಡಿರೋ ಮಣ್ಣು ದಾರಿ, ಹಿಡ್ದು ನಡೀತಿದ್ದೆ, ಎದುರಿಗೆ ಒಬ್ಬ ಬಂದ. ನಲವತ್ತೈದು ಐವತ್ತಿರಬಹುದು. ಬ್ಯಾಗಿಲ್ಲ, ನೀರಿಲ್ಲ, ಕೈ ಖಾಲಿ. ಅಲ್ಲಿಂದ ಕಾರ್ ನಿಲ್ಸೋ ಜಾಗಕ್ಕೆ ಹನ್ನೊಂದು ಕಿಲೋಮೀಟರ್. ನಗ್ತಾನೇ ಮಾತಾಡ್ಸಿದ, ಚಳಿ ಬಗ್ಗೆ ಎರಡು ಮಾತಾಡ್ದ, ಆಮೇಲೆ "ಒಬ್ರೇನಾ?" ಅಂದ. ಬುಷ್‌ನಲ್ಲಿ ಸಿಕ್ಕೋರು ಎಲ್ಲಿಂದ ಬಂದ್ರಿ, ಎಲ್ಲಿ ಕ್ಯಾಂಪ್, ಮುಂದೆ ಹಳ್ಳದಲ್ಲಿ ನೀರಿದ್ಯಾ ಅಂತೆಲ್ಲಾ ಕೇಳ್ತಾರೆ, ಅದು ಮಾಮೂಲಿ, ಇದೂ ಹಂಗೇ ಇರಬಹುದು. ನಾನು ಇಲ್ಲ, ನಮ್ಮೆಜಮಾನ್ರು ಹಿಂದೆ ಬರ್ತಿದಾರೆ, ಜೊತೆಗೆ ಇನ್ನಿಬ್ರಿದಾರೆ ಅಂದೆ. ಅವ್ನು ನನ್ನ ಹಿಂದಿನ ದಾರಿ ಕಡೆ ಸುಮಾರು ಹೊತ್ತು ನೋಡ್ದ. ಸರಿ ಅಂತ ಹೋದ. ಕೆಟ್ಟದು ಏನೂ ಮಾಡ್ಲಿಲ್ಲ, ಕೆಟ್ಟ ಮಾತೂ ಆಡ್ಲಿಲ್ಲ, ಆದ್ರೂ ಅವ್ನು ನೋಡಿದ ಆ ರೀತಿಗೆ ನನ್ನ ಬೆನ್ನಲ್ಲಿ ಛಳುಕು ಬಂತು.

ಸಂಜೆ ಟ್ರೇಲ್ ಪಕ್ಕದಲ್ಲೇ ಟೆಂಟ್ ಹಾಕ್ದೆ. ಅದು ನನ್ನ ತಪ್ಪು, ಅಂಥ ಭೇಟಿ ಆದ ಮೇಲೆ ದಾರಿಗೆ ಕಾಣೋ ಜಾಗದಲ್ಲಿ ಯಾವತ್ತೂ ಹಾಕ್ಬಾರ್ದು. ಹತ್ತು ಗಂಟೆ ಸುಮಾರಿಗೆ ಕಿರುಚಾಟ ಶುರುವಾಯ್ತು. ಹೆಂಗಸೊಬ್ಳು ಗಂಟಲು ಹರ್ಕೊಂಡು ಕೂಗಿದ ಹಾಗೆ, ಒಂದು ಕೂಗು, ನಿಲ್ಲುತ್ತೆ, ಮತ್ತೆ ಇನ್ನೊಂದು ಕಡೆಯಿಂದ. ಪಿಎಲ್‌ಬಿ ಕೈಗೆ ತಗೊಂಡಿದ್ದು ಆಗ್ಲೇ. ಯಾರೋ ಅಪಾಯದಲ್ಲಿದಾರೆ, ಅವ್ರಿಗೋಸ್ಕರ ಒತ್ಬೇಕಾ ಅಂತ ನಿಜವಾಗ್ಲೂ ಯೋಚಿಸ್ದೆ. ಏನೋ ನೆನಪಾಗಿ ಫೋನ್‌ನಲ್ಲಿ ರೆಕಾರ್ಡ್ ಮಾಡ್ದೆ. ಮನೆಗೆ ಬಂದು ಹೋಲಿಸಿ ನೋಡಿದ್ರೆ ಅದು ಕೆಂಪು ನರಿ. 19ನೇ ಶತಮಾನದಲ್ಲಿ ಬೇಟೆಗೆ ಅಂತ ಯುರೋಪಿಂದ ತಂದು ಬಿಟ್ಟಿದ್ದು, ಇಲ್ಲಿ ಚಳಿಗಾಲದಲ್ಲಿ ಅವುಗಳ ಬೆದೆ ಕಾಲ, ಜೂನ್ ಜುಲೈನಲ್ಲಿ ಹಂಗೇ ಕಿರುಚುತ್ವೆ. ಒಂಟಿಯಾಗಿ ಹೋಗೋ ಪ್ರತಿಯೊಬ್ರೂ ಮನೇಲಿ ಕೂತು ಈ ಶಬ್ದಗಳನ್ನ ಮೊದಲೇ ಕೇಳ್ಕೋಬೇಕು ಅಂತ ನಾನು ತುಂಬಾ ಒತ್ತಾಯ ಮಾಡ್ತೀನಿ. ನರಿ ಕಿರುಚೋದು, ಮರದ ಮೇಲಿರೋ ಪೊಸಮ್ ಅನ್ನೋ ಸಣ್ಣ ಪ್ರಾಣಿ ಬುಸುಗುಟ್ಟಿ ಗುರ್ ಅನ್ನೋದು, ಗಂಡು ಕೋಆಲಾ ಅಷ್ಟು ಮುದ್ದಾಗಿದ್ದೂ ಹಂದಿ ಥರ ಗೊರಗೊರ ಅನ್ನೋದು, ಉತ್ತರದ ಕಡೆ ಹೋದ್ರೆ ಬುಷ್ ಸ್ಟೋನ್ ಕರ್ಲ್ಯೂ ಅನ್ನೋ ಹಕ್ಕಿ ರಾತ್ರಿಯೆಲ್ಲಾ ಅಳೋದು. ಹಗಲಲ್ಲಿ ಲೈರ್‌ಬರ್ಡ್ ಇದೆ, ಬೇರೆ ಹಕ್ಕಿಗಳ ಕೂಗನ್ನೆಲ್ಲಾ ಒಂದರ ಹಿಂದೊಂದು ಅನುಕರಣೆ ಮಾಡುತ್ತೆ, ಮನುಷ್ಯರ ಹತ್ರ ಇದ್ದ ಕೆಲವು ಕ್ಯಾಮೆರಾ ಶಟರ್ ಶಬ್ದಾನೂ ಮಾಡಿದಾವೆ, ಅದು ಜೋರಾಗಿ ಹಾಡೋದೂ ಚಳಿಗಾಲದಲ್ಲೇ. ಗೊತ್ತಿದ್ರೆ ಭಯ ಹೋಗುತ್ತೆ ಅಂತಲ್ಲ, ಆದ್ರೆ ಯಾವುದಕ್ಕೆ ಭಯ ಪಡ್ಬೇಕು ಅನ್ನೋದು ಬೇರೆ ಮಾಡ್ಕೋಬಹುದು.

ಯಾಕಂದ್ರೆ ನರಿ ಸುಮ್ಮನಾದ ಮೇಲೆ ಇನ್ನೊಂದಾಯ್ತು. ಹನ್ನೊಂದೂವರೆಗೆ ಟ್ರೇಲ್‌ನಲ್ಲಿ ಬೆಳಕು. ಬಿಳೀ ಟಾರ್ಚ್, ಎಂಬತ್ತು ನೂರು ಮೀಟರ್ ದೂರದಲ್ಲಿ. ನಡೀತಾ ಬರೋ ಟಾರ್ಚ್ ಅಲ್ಲಾಡುತ್ತೆ, ಇದು ಅಲ್ಲಾಡ್ತಿರ್ಲಿಲ್ಲ. ನನ್ನ ಟೆಂಟ್ ಕಡೆ ಇತ್ತು, ನಿಂತಿತ್ತು, ನಾಲ್ಕೈದು ನಿಮಿಷ. ಆಮೇಲೆ ಆರ್ತು. ಹೆಜ್ಜೆ ಸದ್ದು ಬರ್ಲಿಲ್ಲ, ಹೋದ ಸದ್ದೂ ಇಲ್ಲ.

ಪಿಎಲ್‌ಬಿ ಕೈಲೇ ಇತ್ತು. ಒತ್ತಿದ್ರೆ ಏನಾಗ್ತಿತ್ತು ನೋಡಿ. ಸ್ಯಾಟಲೈಟ್‌ಗೆ ಸುದ್ದಿ ಹೋಗೋದು ನಿಜ, ಕ್ಯಾನ್‌ಬೆರಾದಲ್ಲಿ ಯಾರೋ ಎಚ್ಚರ ಇರೋದೂ ನಿಜ, ಆದ್ರೆ ಅವ್ರಿಗೆ ಗೊತ್ತಾಗೋದು ಇಷ್ಟೇ: ಈ ನಂಬರಿನ ಬೀಕನ್ ಇಲ್ಲಿ ಆನ್ ಆಗಿದೆ. ಕಾಲು ಮುರ್ದಿದ್ಯಾ, ಹಾವು ಕಚ್ಚಿದ್ಯಾ, ಯಾರೋ ಕತ್ತಲಲ್ಲಿ ನಿಂತಿದಾರಾ, ಅದು ಹೇಳೋಕೆ ಈ ಡಬ್ಬಿಗೆ ಬಾಯಿಲ್ಲ. ಜನ ಬರೋಕೆ ಗಂಟೆಗಳು ಬೇಕು. ನನ್ನ ಮಾಡೆಲ್‌ನಲ್ಲಿ ನಿಮ್ಮ ಸಿಗ್ನಲ್ ಸಿಕ್ತು ಅಂತ ತಿರುಗಿ ತಿಳಿಸೋ ರಿಟರ್ನ್ ಲಿಂಕ್ ಕೂಡ ಇಲ್ಲ, ಹೊಸ ಕೆಲವು ಮಾಡೆಲ್‌ಗಳಲ್ಲಿದೆ, ಇವತ್ತು ತಗೊಳ್ಳೋರು ಅದಿರೋದೇ ನೋಡಿ. ಮಿಣುಕೋ ಲೈಟ್ ಇದೆ ಅಂದ್ನಲ್ಲ, ಹೆಲಿಕಾಪ್ಟರ್‌ನೋರಿಗೆ ಅದು ವರ, ಕತ್ತಲಲ್ಲಿ ಬಚ್ಚಿಟ್ಕೋಬೇಕಾದೋಳಿಗೆ ಅದೇ ತೊಂದ್ರೆ. ಇದು ಬೀಕನ್‌ನ ದೋಷ ಅಲ್ಲ, ಜೀವಕ್ಕೆ ಗಂಭೀರ ಅಪಾಯ ಎದುರಿಗೇ ಇದ್ದಾಗ ಅಂತಾನೇ ಇರೋದು ಇದು. ನನ್ನ ಎದುರಿಗಿದ್ದಿದ್ದು ಅದೇನಾ ಅಂತ ಮಾತ್ರ ನಂಗೆ ಆ ಹೊತ್ತಲ್ಲಿ ಹೇಳೋಕಾಗ್ಲಿಲ್ಲ.

ಟಾರ್ಚ್ ಹಚ್ಚದೇನೇ, ಸ್ಲೀಪಿಂಗ್ ಬ್ಯಾಗು, ಜಾಕೆಟ್ಟು, ನೀರು, ಬೂಟು, ಪಿಎಲ್‌ಬಿ ಇಷ್ಟು ತಗೊಂಡು ಟೆಂಟ್ ಅಲ್ಲೇ ಬಿಟ್ಟು ಹಿಂದಿನ ಬದಿಯಿಂದ ಮರಗಳೊಳಗೆ ಹೋದೆ. ಸುಮಾರು ಇನ್ನೂರು ಹೆಜ್ಜೆ ಎಣಿಸ್ಕೊಂಡು ಹೋದೆ, ದಿಕ್ಕು ತಪ್ಪಬಾರ್ದಲ್ಲ, ಒಂದು ಬಂಡೆಗೆ ಒರಗಿ ಕೂತೆ. ಬೆಳಗಾಗೋವರೆಗೆ ಬೇರೆ ಏನೂ ಆಗ್ಲಿಲ್ಲ. ಆದ್ರೆ ಹೇಳ್ತೀನಿ, ಆ ಆರೇಳು ಗಂಟೆ ಆ ಡಬ್ಬಿ ಕೈಲಿಲ್ಲದೇ ಇದ್ದಿದ್ರೆ ನಾನು ಕತ್ತಲಲ್ಲೇ ಓಡೋಕೆ ಹೋಗಿ ಎಲ್ಲೋ ಬಂಡೆ ಅಂಚಿಂದ ಬೀಳ್ತಿದ್ದೆ, ಕನಂಗ್ರಾದಲ್ಲಿ ಅಂಚುಗಳಿಗೇನು ಕಮ್ಮಿ ಇಲ್ಲ. ನಿಜವಾಗ್ಲೂ ಕೈ ಮೀರಿದ್ರೆ ಒತ್ತೋಕೆ ಒಂದು ಇದೆ ಅನ್ನೋದಕ್ಕೇ ಅಲ್ಲಾಡ್ದೆ ಕೂರೋಕಾಯ್ತು.

ಬೆಳಿಗ್ಗೆ ಟೆಂಟ್ ಇದ್ದ ಹಾಗೇ ಇತ್ತು. ಯಾರೂ ಮುಟ್ಟಿರ್ಲಿಲ್ಲ. ಓಬೆರಾನ್‌ಗೆ ಬಂದು ಸಿಗ್ನಲ್ ಸಿಕ್ಕಿದ ತಕ್ಷಣ ಪೊಲೀಸ್ ಅಸಿಸ್ಟೆನ್ಸ್ ಲೈನ್ 131 444ಕ್ಕೆ ಫೋನ್ ಮಾಡಿ ಹೇಳ್ದೆ, ಇದು ಅರ್ಜೆಂಟ್ ಅಲ್ಲದೇ ಇರೋದಕ್ಕೆ, ಅರ್ಜೆಂಟಿದ್ರೆ 000. ಆ ಮನುಷ್ಯ ಯಾರು, ಬೆಳಕು ಅವ್ನದೇನಾ ಅಂತ ಇವತ್ತಿಗೂ ತಿಳಿದಿಲ್ಲ. ದಾರಿ ತಪ್ಪಿದ್ದ ಬಡಪಾಯಿ ಇರಬಹುದು, ನನ್ನ ಟೆಂಟ್ ನೋಡಿ ಅವ್ನೇ ಹೆದರಿರಬಹುದು, ಹಂಗಾಗಿದ್ರೆ ಒಂದು ಮಾತು ಕೂಗಿ ಕೇಳ್ಬೇಕಿತ್ತಾ ಅಂತ ಆಗಾಗ ಕಾಡುತ್ತೆ.

ಇದಾದ ಮೇಲೆ ನಮ್ಮ ಪರಿಚಯದ ಅಕ್ಕ ಒಬ್ರು ಅವ್ರ ಗಾರ್ಮಿನ್ ಇನ್‌ರೀಚ್ ಮಿನಿ 2 ಎರಡು ಟ್ರಿಪ್‌ಗೆ ಕೊಟ್ಟಿದ್ರು. ಅದು ಇರಿಡಿಯಮ್ ಸ್ಯಾಟಲೈಟ್ ಮೇಲೆ ನಡಿಯುತ್ತೆ, ಮೆಸೇಜ್ ಕಳಿಸ್ಬಹುದು, ಉತ್ತರಾನೂ ಬರುತ್ತೆ. "ಇಲ್ಲಿ ಒಬ್ಬ ಮನುಷ್ಯ ಸಿಕ್ಕ, ಸರಿ ಅನ್ಸಲಿಲ್ಲ, ಜಾಗ ಬದಲಾಯಿಸ್ತಿದೀನಿ" ಅಂತ ಒಂದು ಸಾಲು ಮನೆಗೆ ಹಾಕೋಕೆ ಆಗುತ್ತಲ್ಲ, ಆ ರಾತ್ರಿಗೆ ಬೇಕಾಗಿದ್ದು ಅದೇ. ಆದ್ರೆ ಚಂದಾ ಕಟ್ಬೇಕು, ಚಾರ್ಜ್ ಮಾಡ್ತಿರಬೇಕು, ಚಳೀಲಿ ಬ್ಯಾಟರಿ ಬೇಗ ಇಳಿಯುತ್ತೆ, ದಟ್ಟ ಮರದ ಕೆಳಗೆ ಮೆಸೇಜ್ ಹೋಗೋಕೆ ಕಾಯ್ಬೇಕು. ಐಫೋನ್ 14 ಆಮೇಲಿನದ್ದು ಇದ್ರೆ ಸ್ಯಾಟಲೈಟ್ ಎಸ್ಒಎಸ್ ಇಲ್ಲಿ 2023ರ ಮೇ ತಿಂಗಳಿಂದ ಇದೆ, ಒಳ್ಳೇದೇ, ಆದ್ರೆ ಬಿದ್ದಾಗ ಮೊದಲು ಒಡಿಯೋದೇ ಫೋನು. ಪಿಎಲ್‌ಬಿ ಬಿಟ್ಟು ಇವೆರಡರ ಮೇಲೆ ಮಾತ್ರ ಭರವಸೆ ಇಟ್ಟು ನಾನಂತೂ ಹೋಗಲ್ಲ.

ಹಾವಿನ ವಿಷಯಕ್ಕೆ ಬಂದ್ರೆ ಪಿಎಲ್‌ಬಿಗೆ ಸಾಟಿ ಇಲ್ಲ. ಕಚ್ಚಿದ ಕೈ ಅಥವಾ ಕಾಲಿನ ಉದ್ದಕ್ಕೂ ಅಗಲದ ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಅಲ್ಲಾಡದ ಹಾಗೆ ಕಟ್ಟಿ, ಇದ್ದಲ್ಲೇ ಇರಬೇಕು, ತೊಳೀಬಾರ್ದು, ನಡೀಬಾರ್ದು. ನಡಿಯೋ ಹಾಗಿಲ್ಲ ಅಂದ ಮೇಲೆ ಬೇರೆಯೋರೇ ನಿಮ್ಮ ಹತ್ರ ಬರಬೇಕು, ಒಂಟಿಯಾಗಿರೋರಿಗೆ ಕರೆಸೋಕೆ ಇದಕ್ಕಿಂತ ನಂಬೋ ದಾರಿ ಬೇರೆ ಯಾವುದಿದೆ ಹೇಳಿ.

ದುಡ್ಡಿಲ್ಲ, ವರ್ಷಕ್ಕೊಂದ್ಸಲ ಹೋಗೋದು ಅನ್ನೋರು ಬ್ಲೂ ಮೌಂಟನ್ಸ್ ಕಡೆ ಬ್ಲಾಕ್‌ಹೀತ್‌ನ ನ್ಯಾಷನಲ್ ಪಾರ್ಕ್ಸ್ ಸೆಂಟರ್‌ನಲ್ಲಿ ವಿಚಾರಿಸಿ, ಫ್ರೀಯಾಗಿ ಎರವಲು ಕೊಡೋ ವ್ಯವಸ್ಥೆ ಇದೆ, ಟ್ರಿಪ್ ಫಾರ್ಮ್ ತುಂಬಿ ತಗೊಂಡು ಹೋಗಿ ವಾಪಸ್ ಕೊಡೋದು. ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ. ಫಾರ್ಮ್ ತುಂಬಿದ ಮಾತ್ರಕ್ಕೆ ಯಾರೋ ನಿಮ್ಮನ್ನ ಕಾಯ್ತಾ ಕೂರಲ್ಲ, ನೀವು ಹೆಸರು ಕೊಟ್ಟೋರು "ಇನ್ನೂ ಬಂದಿಲ್ಲ" ಅಂತ ಪೊಲೀಸರಿಗೆ ಹೇಳಿದ್ರೇನೇ ಹುಡುಕಾಟ. ಹಳೇದಾದ ಬೀಕನ್ ಕಸದ ಡಬ್ಬಿಗೆ ಹಾಕ್ಬೇಡಿ, ಕಸದ ರಾಶಿಯಲ್ಲಿ ತಾನಾಗೇ ಆನ್ ಆದ್ರೆ ಜನ ಅದನ್ನೇ ಹುಡ್ಕೊಂಡು ಹೋಗ್ತಾರೆ, ಆ ಹೊತ್ತಿಗೆ ನಿಜವಾಗ್ಲೂ ಬೇಕಾದೋರು ಎಲ್ಲೋ ಕಾಯ್ತಿರ್ತಾರೆ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಡಿಮೆ ಮಾಡಿದ್ದು ರಿಟರ್ನ್ ಲಿಂಕ್ ಇಲ್ಲದ್ದಕ್ಕೆ. ಮುಂದಿನ ತಿಂಗಳು ಮತ್ತೆ ಕನಂಗ್ರಾಕ್ಕೆ ಹೋಗ್ತಿದೀನಿ, ಅದೇ ಟ್ರೇಲ್‌ಗೆ. ಈ ಸಲ ಆಮ್ಸಾ ರಿಜಿಸ್ಟ್ರೇಷನ್‌ನಲ್ಲಿ ನಮ್ಮನೆಯವರ ಜೊತೆ ಆ ಅಕ್ಕನ ನಂಬರೂ ಹಾಕಿದೀನಿ, ಕ್ಯಾಂಪ್ ಹಾಕೋ ಎರಡು ಜಾಗ ದಾರಿಗೆ ಕಾಣದ ಹಾಗೆ ಮ್ಯಾಪ್‌ನಲ್ಲಿ ಗುರುತು ಮಾಡಿ ಇಬ್ಬರಿಗೂ ಕಳ್ಸಿದೀನಿ.