ಹಳೇ ಪಿಕಪ್‌ಗೆ ಲಿಫ್ಟ್: ಬ್ಲಾಕ್, ಎಕ್ಸ್‌ಟ್ರಾ ಪ್ಲೇಟ್, ಹೊಸ ಪ್ಲೇಟ್ ಸೆಟ್ – ಮೂರೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಹಳೇ ಪಿಕಪ್ ಎತ್ತರಿಸಲು ದುಡ್ಡು ಹಾಕುವುದಾದರೆ ಹಿಂದಕ್ಕೆ ಹೊಸ ಲೀಫ್ ಸ್ಪ್ರಿಂಗ್ ಸೆಟ್ (ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ನಮ್ಮ ಬಾಯಲ್ಲಿ ಪ್ಲೇಟ್) ಹಾಕಿಸಿ, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಹಾಕಿಸಿ. ಮುಂದೆ ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು, ಸ್ವಲ್ಪವೇ ತಿರುಗಿಸಿ. ಒಟ್ಟು 40ರಿಂದ 50 ಮಿಲಿಮೀಟರ್ ಏರಿದರೆ ಸಾಕು. ನನ್ನ ಗಾಡಿಗೆ ಮೊದಲು ಬ್ಲಾಕ್ ಹಾಕಿದ್ದೆ, ಆಮೇಲೆ ಅದನ್ನು ತೆಗೆದು ಎಕ್ಸ್‌ಟ್ರಾ ಪ್ಲೇಟ್ ಸೇರಿಸಿದೆ, ಕೊನೆಗೆ ಪೂರ್ತಿ ಸೆಟ್ ಬದಲಾಯಿಸಿದೆ. ಬಾಡಿ ಲಿಫ್ಟ್ ಮಾಡಿಸಿದ ಗೆಳೆಯನೊಬ್ಬನ ಗಾಡಿಯನ್ನೂ ಸಾಕಷ್ಟು ಓಡಿಸಿದ್ದೇನೆ. ಈ ಮಾತೆಲ್ಲ ಮುಂದೆ ಟಾರ್ಷನ್ ಬಾರ್, ಹಿಂದೆ ಪ್ಲೇಟ್ ಇರುವ ಹಳೇ ಗಾಡಿಗಳಿಗೆ. ಮುಂದೆ ಕಾಯಿಲ್ ಸ್ಪ್ರಿಂಗ್ ಇದ್ದರೆ ಹಿಂಭಾಗದ ವಿಷಯ ಮಾತ್ರ ತಗೊಳ್ಳಿ.

ಏನಾದರೂ ಕೊಳ್ಳುವ ಮುಂಚೆ ಟೇಪ್ ಹಿಡಿದು ಅಳೆಯಿರಿ. ಚಕ್ರದ ನಡುಮಧ್ಯದಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ, ನಾಲ್ಕೂ ಕಡೆ. ನೆಲದಿಂದ ಅಳೆದರೆ ಟೈರಿನ ಸೈಜು, ಗಾಳಿ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ವರ್ಷಗಟ್ಟಲೆ ಭಾರ ಹೊತ್ತ ಪ್ಲೇಟ್‌ಗಳು ಚಪ್ಪಟೆಯಾಗಿ ಕೂತಿರುತ್ತವೆ. ನೀವು ಬೇಕೆನ್ನುವ ಲಿಫ್ಟ್‌ನಲ್ಲಿ ಎಷ್ಟೋ ಪಾಲು ಗಾಡಿ ಹೊಸದಿದ್ದಾಗ ಇದ್ದ ಎತ್ತರವೇ ಆಗಿರಬಹುದು. ನನ್ನದರಲ್ಲಿ ಡ್ರೈವರ್ ಬದಿ ಇನ್ನೊಂದು ಬದಿಗಿಂತ ಕೆಳಗೆ ಕೂತಿತ್ತು. ಅಂಥ ಪ್ಲೇಟಿನ ಕೆಳಗೆ ಬ್ಲಾಕ್ ಇಡುವುದು, ವಾಲಿದ ಗೋಡೆಯ ಮೇಲೆ ಇನ್ನೊಂದು ಮಹಡಿ ಕಟ್ಟಿದ ಹಾಗೆ.

ಇನ್ನೊಂದು ವಿಷಯ. ಲಿಫ್ಟ್ ಮಾಡಿದ ಮಾತ್ರಕ್ಕೆ ಹಿಂದಿನ ಡಿಫರೆನ್ಷಿಯಲ್ (ಆಕ್ಸಲ್ ನಡುವೆ ಕೆಳಗೆ ಉಬ್ಬಿರುವ ಗೇರ್ ಡಬ್ಬಿ) ಒಂದು ನೂಲಿನಷ್ಟೂ ಮೇಲೇಳುವುದಿಲ್ಲ. ಅದು ಆಕ್ಸಲ್ ಜೊತೆಗೇ ಇರುತ್ತದೆ, ಏರುವುದು ಚಾಸಿ ಮಾತ್ರ. ಡಿಫರೆನ್ಷಿಯಲ್ ಏರಬೇಕಾದರೆ ದೊಡ್ಡ ಟೈರೇ ಬೇಕು. ಟೈರಿನ ವ್ಯಾಸ 2 ಇಂಚು ಜಾಸ್ತಿಯಾದರೆ ಅದು ಏರುವುದು 1 ಇಂಚು. ಲಿಫ್ಟ್ ಬೇಕಾಗುವುದು ಆ ಟೈರಿಗೆ ಜಾಗ ಮಾಡಲು, ಭಾರ ಹಾಕಿದಾಗ ಹಿಂಭಾಗ ಕುಕ್ಕರಿಸದಿರಲು.

ಈಗ ಬ್ಲಾಕ್. ಆಕ್ಸಲ್‌ಗೂ ಪ್ಲೇಟ್‌ಗೂ ನಡುವೆ ಒಂದು ಲೋಹದ ಗಟ್ಟಿ, ಜೊತೆಗೆ ಇವನ್ನೆಲ್ಲ ಸೇರಿಸಿ ಬಿಗಿಯುವ ಉದ್ದದ ಯು-ಬೋಲ್ಟ್. ಇಷ್ಟೇ ಸರಕು. ಅರ್ಧ ದಿನದಲ್ಲಿ ಕೆಲಸ ಮುಗಿಯುತ್ತದೆ, ಖರ್ಚು ಎಲ್ಲದಕ್ಕಿಂತ ಕಡಿಮೆ. ಪ್ಲೇಟ್‌ಗಳು ಅವೇ ಆದ್ದರಿಂದ ಗಾಡಿ ಮೊದಲಿನಷ್ಟೇ ಮೆತ್ತಗೆ ಓಡುತ್ತದೆ. ಇದನ್ನು ಒಪ್ಪಲೇಬೇಕು. ಆದರೆ ಏರಿನಲ್ಲಿ ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಹಿಂದೆ ಒಂದು ಎಳೆತ, ಒಂದು ಕುಲುಕು ಶುರುವಾಯಿತು. ಆಕ್ಸಲ್ ಪ್ಲೇಟಿನಿಂದ ದೂರ ಸರಿದಷ್ಟೂ ಪ್ಲೇಟನ್ನು ತಿರುಚುವ ಬಲ ಜಾಸ್ತಿಯಾಗುತ್ತದೆ. ಪ್ಲೇಟ್ ಇಂಗ್ಲಿಷ್ ಎಸ್ ಅಕ್ಷರದ ಹಾಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಹಳೇ ಪ್ಲೇಟ್ ಆದರೆ ಕೇಳುವುದೇ ಬೇಡ. ಎರಡು ಬ್ಲಾಕ್ ಒಂದರ ಮೇಲೊಂದು ಪೇರಿಸಿದ ಗಾಡಿಯಲ್ಲಂತೂ ನಾನು ಕೂರುವುದಿಲ್ಲ.

ಅದೂ ಸಹಿಸಬಹುದಿತ್ತು. ನನ್ನ ತಲೆ ಕೆಡಿಸಿದ್ದು ಬ್ರೇಕು.

ಬ್ಲಾಕ್ ಹಾಕಿದ ಮೇಲೆ ಗಾಡಿ ನಿಲ್ಲುವ ರೀತಿಯೇ ಬದಲಾಯಿತು. ಪೆಡಲ್ ಗಟ್ಟಿ ಇದೆ, ಆಯಿಲ್ ಸರಿ ಇದೆ, ಆದರೂ ಬ್ರೇಕ್ ಒತ್ತಿದರೆ ಮೂಗು ಕೆಳಗೆ ಬಗ್ಗುತ್ತದೆ, ಹಿಂಭಾಗ ಏನೂ ಕೆಲಸ ಮಾಡುತ್ತಿಲ್ಲ ಅನಿಸುತ್ತದೆ. ನಿಲ್ಲಲು ಜಾಸ್ತಿ ದೂರ ಬೇಕು. ಬ್ಲಾಕ್ ಹಾಕಿದ ವರ್ಕ್‌ಶಾಪ್‌ನವರು ಬ್ರೇಕ್ ಪೈಪಿನ ಗಾಳಿ ತೆಗೆದರು. ಹಿಂದಿನ ಡ್ರಮ್ ಬಿಚ್ಚಿ ಶೂ ಸೆಟ್ ಮಾಡಿದರು. ಕೊನೆಗೆ ಮಾಸ್ಟರ್ ಸಿಲಿಂಡರ್ ಹೋಗಿದೆ ಅಂದರು. ಅದನ್ನೂ ಬದಲಾಯಿಸಿದ್ದಾಯಿತು. ಬ್ರೇಕು ಮಾತ್ರ ಹಾಗೇ ಇತ್ತು. ಮುಂದಿನ ಪ್ಯಾಡ್ ಬೇಗ ಬೇಗ ಸವೆಯುತ್ತಿತ್ತು, ಹಿಂದಿನ ಶೂ ಹೊಸದರ ಹಾಗೇ ಉಳಿದಿತ್ತು.

ಕಾರಣ ಚಾಸಿಯ ಹಿಂಭಾಗದಲ್ಲಿ ಕೂತ ಒಂದು ಸಣ್ಣ ವಾಲ್ವ್. ಲೋಡ್ ಸೆನ್ಸಿಂಗ್ ವಾಲ್ವ್, ಮೆಕ್ಯಾನಿಕ್‌ಗಳ ಬಾಯಲ್ಲಿ ಎಲ್‌ಎಸ್‌ಪಿವಿ. ಎಷ್ಟೋ ಹಳೇ ಪಿಕಪ್‌ಗಳಲ್ಲಿ ಇದು ಇರುತ್ತದೆ. ಇದರಿಂದ ಒಂದು ಸರಳು ಇಳಿದು ಹಿಂದಿನ ಆಕ್ಸಲ್‌ಗೆ ಸೇರಿರುತ್ತದೆ. ಭಾರ ಹಾಕಿದಾಗ ಚಾಸಿ ಕೆಳಗಿಳಿದು ಆಕ್ಸಲ್‌ಗೆ ಹತ್ತಿರವಾಗುತ್ತದೆ, ಆಗ ವಾಲ್ವ್ ಹಿಂದಿನ ಬ್ರೇಕಿಗೆ ಜಾಸ್ತಿ ಒತ್ತಡ ಬಿಡುತ್ತದೆ. ಖಾಲಿ ಇದ್ದಾಗ ಚಾಸಿ ಮೇಲಿರುತ್ತದೆ, ಒತ್ತಡ ಕಡಿಮೆ ಬಿಡುತ್ತದೆ. ಇಲ್ಲದಿದ್ದರೆ ಹಗುರವಾದ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ಅಡ್ಡ ತಿರುಗುತ್ತದೆ. ಬಹಳ ಜಾಣ ವ್ಯವಸ್ಥೆ. ಆದರೆ ಅದಕ್ಕೆ ಭಾರ ತೂಗುವುದಕ್ಕೆ ಬರುವುದಿಲ್ಲ, ದೂರ ಅಳೆಯುವುದಕ್ಕೆ ಮಾತ್ರ ಬರುತ್ತದೆ. 2 ಇಂಚಿನ ಬ್ಲಾಕ್ ಇಟ್ಟ ಕೂಡಲೇ ಚಾಸಿ 2 ಇಂಚು ದೂರ ಹೋಯಿತು. ಗಾಡಿ ಖಾಲಿಗಿಂತಲೂ ಖಾಲಿ ಅಂತ ವಾಲ್ವ್ ತಿಳಿದುಕೊಂಡಿತು. ಭಾರ ತುಂಬಿದರೂ ಅದರ ಲೆಕ್ಕದಲ್ಲಿ ಗಾಡಿ ಖಾಲಿಯೇ.

ಲಿಫ್ಟ್‌ಗೂ ಮುಂಚಿನ ಒಂದು ತೊಂದರೆಗೂ ಇದರಲ್ಲೇ ಉತ್ತರ ಸಿಕ್ಕಿತು. ಪ್ಲೇಟ್ ಕುಸಿದಿದ್ದಾಗ ಮಳೆಯಲ್ಲಿ ಬ್ರೇಕ್ ಒತ್ತಿದರೆ ಖಾಲಿ ಗಾಡಿಯ ಹಿಂದಿನ ಚಕ್ರ ಸುಮ್ನೆ ಜಾರುತ್ತಿತ್ತು. ಟೈರ್ ಸವೆದಿದೆ ಅಂದುಕೊಂಡಿದ್ದೆ. ಪ್ಲೇಟ್ ಕುಸಿದು ಚಾಸಿ ಕೆಳಗೆ ಬಂದಿತ್ತಲ್ಲ, ಗಾಡಿ ಲೋಡ್ ಆಗಿದೆ ಅಂತ ವಾಲ್ವ್ ಹಿಂದಕ್ಕೆ ಒತ್ತಡ ಬಿಡುತ್ತಿತ್ತು!

ಪರಿಹಾರ ಸುಲಭ. ಆಕ್ಸಲ್ ಮೇಲೆ ಸರಳು ಕೂರುವ ಬ್ರಾಕೆಟನ್ನು ಲಿಫ್ಟ್ ಎಷ್ಟೋ ಅಷ್ಟು ಎತ್ತರಿಸಬೇಕು, ಇಲ್ಲವೇ ಉದ್ದದ ಲಿಂಕ್ ಹಾಕಬೇಕು. ಆಮೇಲೆ ಆ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುವ ಅಳತೆಗೆ ಸರಳನ್ನು ಸೆಟ್ ಮಾಡಬೇಕು. ಸರಳನ್ನು ಬಿಚ್ಚಿ ತಂತಿಯಲ್ಲಿ ಮೇಲಕ್ಕೆ ಕಟ್ಟಿಬಿಡುವವರೂ ಇದ್ದಾರೆ. ದಯವಿಟ್ಟು ಬೇಡ. ಆಗ ಖಾಲಿ ಗಾಡಿಯಲ್ಲೂ ಹಿಂದಿನ ಬ್ರೇಕಿಗೆ ಪೂರ್ತಿ ಒತ್ತಡ ಬೀಳುತ್ತದೆ. ನಾನು ನೋಡಿದ ಲಿಫ್ಟ್ ಕಿಟ್‌ಗಳಲ್ಲಿ ಒಂದರಲ್ಲೂ ಈ ಬ್ರಾಕೆಟ್ ಇರಲಿಲ್ಲ, ಕಾಗದದಲ್ಲಿ ಇದರ ಮಾತೂ ಇರಲಿಲ್ಲ. ಕೊಳ್ಳುವಾಗ ಮೊದಲ ಪ್ರಶ್ನೆ ಇದೇ ಇರಲಿ. ನನ್ನ ಮೆಚ್ಚಿನ ಪ್ಲೇಟ್ ಸೆಟ್‌ಗೂ ಈ ತಲೆನೋವು ತಪ್ಪಿದ್ದಲ್ಲ. ಜೊತೆಗೆ ಗಟ್ಟಿ ಪ್ಲೇಟ್ ಭಾರಕ್ಕೆ ಕಡಿಮೆ ಬಗ್ಗುವುದರಿಂದ ಬ್ರಾಕೆಟ್ ಸರಿ ಇದ್ದರೂ ವಾಲ್ವ್ ಲೋಡನ್ನು ಸ್ವಲ್ಪ ಕಡಿಮೆಯೇ ಅಂದಾಜು ಮಾಡುತ್ತದೆ. ಬ್ರೇಕ್ ಬಲ್ಲವರ ಕೈಯಲ್ಲೇ ಸೆಟ್ ಮಾಡಿಸಿ. ಖಾಲಿ ಇದ್ದಾಗ ಒಮ್ಮೆ, ಲೋಡ್ ಹಾಕಿ ಒಮ್ಮೆ ಜನ ಇಲ್ಲದ ಕಡೆ ಪರೀಕ್ಷಿಸಿ.

ಎಕ್ಸ್‌ಟ್ರಾ ಪ್ಲೇಟಿಗೆ ಬರೋಣ. ಇರುವ ಸೆಟ್ಟಿನ ಸೆಂಟರ್ ಬೋಲ್ಟ್ ಬಿಚ್ಚಿ ನಡುವೆ ಒಂದು ಹೊಸ ಪ್ಲೇಟ್ ಸೇರಿಸುವುದು. ಯಾವಾಗಲೂ ಭಾರ ಹೊರುವ ಗಾಡಿಗೆ ಇದು ಒಳ್ಳೆಯದೇ. ನನ್ನದು ಬಹುಪಾಲು ಖಾಲಿ ಓಡುವ ಗಾಡಿ. ಪ್ರತಿ ಗುಂಡಿಗೂ ಹಿಂಭಾಗ ಪುಟಿಯುತ್ತಿತ್ತು, ಹಿಂದೆ ಹಾಕಿದ ಸಾಮಾನೂ ಅದರ ಜೊತೆ ಕುಣಿಯುತ್ತಿತ್ತು. ಹೊಸ ಪ್ಲೇಟೊಂದೇ ಕಮಾನಾಗಿದ್ದು ಉಳಿದವೆಲ್ಲ ಸೋತು ಚಪ್ಪಟೆಯಾಗಿದ್ದರೆ ಕೆಲಸವೆಲ್ಲ ಅದರ ತಲೆ ಮೇಲೆ. ಏರಿದ ಎತ್ತರ ಸ್ವಲ್ಪ ಸ್ವಲ್ಪವೇ ಇಳಿಯುತ್ತ ಬಂತು. ಹಾಕಲೇಬೇಕೆಂದರೆ ಉದ್ದದ ಪ್ಲೇಟ್ ಹಾಕಿ. ಗಿಡ್ಡದ್ದು ಇನ್ನೂ ಒರಟು.

ಉದ್ದದ ಶಾಕಲ್ (ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಬಗ್ಗೆ ಒಂದೇ ಸಾಲು: ಶಾಕಲ್ 2 ಇಂಚು ಉದ್ದ ಮಾಡಿದರೆ ಗಾಡಿ ಏರುವುದು ಸುಮಾರು 1 ಇಂಚು, ಜೊತೆಗೆ ಆಕ್ಸಲ್ಲಿನ ಕೋನವೂ ಬದಲಾಗುತ್ತದೆ.

ಬಾಡಿ ಲಿಫ್ಟ್‌ನಲ್ಲಿ ಸಸ್ಪೆನ್ಷನ್ ಮುಟ್ಟುವುದೇ ಇಲ್ಲ, ಚಾಸಿಗೂ ಬಾಡಿಗೂ ನಡುವೆ ಸ್ಪೇಸರ್ ಇಡುವುದು. ಗೆಳೆಯನ ಗಾಡಿ ಸವಾರಿಯಲ್ಲಿ ಮೊದಲಿನ ಹಾಗೇ ಇದೆ. ಎಲ್‌ಎಸ್‌ಪಿವಿ ತಂಟೆಯೂ ಇಲ್ಲ. ಆದರೆ ರೇಡಿಯೇಟರ್ ಬಾಡಿ ಜೊತೆ ಮೇಲೆ ಹೋಯಿತು, ಫ್ಯಾನ್ ಇಂಜಿನ್ ಜೊತೆ ಕೆಳಗೇ ಉಳಿಯಿತು, ಫ್ಯಾನ್ ಕವರ್ ಉಜ್ಜತೊಡಗಿತು. ಸ್ಟಿಯರಿಂಗ್ ಶಾಫ್ಟ್, ಡೀಸೆಲ್ ತುಂಬುವ ಪೈಪು, ಗೇರ್ ಲಿವರ್ ಎಲ್ಲಕ್ಕೂ ಏನಾದರೊಂದು ಮಾಡಬೇಕಾಯಿತು. ಬಂಪರ್ ಮೇಲೆ ಕಾಣುವ ಆ ಸಂದು ನನಗಂತೂ ಹಿಡಿಸುವುದಿಲ್ಲ.

ಮುಂಭಾಗಕ್ಕೆ ಟಾರ್ಷನ್ ಬಾರಿನ ಬೋಲ್ಟ್ ತಿರುಗಿಸಿದರೆ ಸಾಕು, ಪುಕ್ಕಟೆ ಲಿಫ್ಟ್ ಅನ್ನುತ್ತಾರೆ. ನಿಜವೇ, 25 ಮಿಲಿಮೀಟರ್ ಆಸುಪಾಸು ಆದರೆ. ಅದನ್ನು ಮೀರಿದರೆ ಚಕ್ರ ಹಿಡಿದಿರುವ ಮೇಲಿನ ತೋಳು ಕೆಳಗಿಳಿಯಲು ಜಾಗವೇ ಉಳಿಯುವುದಿಲ್ಲ. ಗುಂಡಿಗೆ ಚಕ್ರ ಇಳಿದಾಗಲೆಲ್ಲ ರಬ್ಬರ್ ಸ್ಟಾಪಿಗೆ ಟಕ್ ಅಂತ ಬಡಿಯುತ್ತದೆ. ಬಾರ್ ಗಟ್ಟಿಯಾಯಿತು ಅಂತ ಜನ ಹೇಳುವುದು ಈ ಬಡಿತವನ್ನೇ. ತಿರುಗಿಸಿದ ಮಾತ್ರಕ್ಕೆ ಬಾರಿನ ಗಟ್ಟಿತನ ಬದಲಾಗುವುದಿಲ್ಲ. ಫೋರ್ ವೀಲ್ ಡ್ರೈವ್ ಆದರೆ ಮುಂದಿನ ಚಕ್ರ ತಿರುಗಿಸುವ ಶಾಫ್ಟಿನ ಕೀಲು, ಅಂದರೆ ಸಿವಿ ಜಾಯಿಂಟ್, ಅದರ ಕೋನ ಕಡಿದಾಗಿ ಮೇಲಿನ ರಬ್ಬರ್ ಬೂಟ್ ಬೇಗ ಹರಿಯುತ್ತದೆ. ಚಕ್ರದ ಒಳಬದಿಯಲ್ಲಿ ಗ್ರೀಸ್ ಚಿಮ್ಮಿದ್ದು ಕಂಡರೆ ಅದೇ. ತಿರುಗಿಸಿದ ಮೇಲೆ ಅಲೈನ್‌ಮೆಂಟ್ ಕಡ್ಡಾಯ. ಹೆಡ್‌ಲೈಟ್ ಕೂಡ ತಗ್ಗಿಸಿಕೊಳ್ಳಿ, ಎದುರಿನವರ ಕಣ್ಣು ಉಳಿಯಲಿ.

ಹೊಸ ಪ್ಲೇಟ್ ಸೆಟ್‌ಗೆ ಬ್ಲಾಕ್‌ಗಿಂತ ಎಷ್ಟೋ ಪಟ್ಟು ಖರ್ಚು, ಸುಳ್ಳು ಹೇಳುವುದಿಲ್ಲ. ಅದಕ್ಕೇ ನಾನು ಹಿಂಭಾಗ ಮೊದಲು ಮಾಡಿಸಿ ಮುಂಭಾಗದ ಶಾಕ್ ಅಬ್ಸಾರ್ಬರ್ ಆಮೇಲೆ ಹಾಕಿಸಿದೆ. ಆದರೆ ಕುಸಿತ, ವಾಲಿಕೆ, ಕುಲುಕು, ಪ್ಲೇಟ್ ತುದಿಯ ಸವೆದ ರಬ್ಬರ್ ಬುಷ್ ಎಲ್ಲವೂ ಒಂದೇ ಸಲಕ್ಕೆ ಹೋದವು. ಖಾಲಿ ಓಡಿಸಿದಾಗಲೂ ಎಕ್ಸ್‌ಟ್ರಾ ಪ್ಲೇಟಿನ ಹಾಗೆ ಪುಟಿಯುವುದಿಲ್ಲ. ಇದರ ಗುಟ್ಟು ಆಯ್ಕೆಯಲ್ಲಿದೆ. ಒಂದೇ ಗಾಡಿಗೆ ಬೇರೆ ಬೇರೆ ಭಾರಕ್ಕೆ ತಕ್ಕ ಸೆಟ್‌ಗಳು ಸಿಗುತ್ತವೆ. ಅಪರೂಪಕ್ಕೆ ಹೊರುವ ಅತಿ ಹೆಚ್ಚಿನ ಭಾರ ನೋಡಿ ಆರಿಸಬೇಡಿ, ದಿನಾ ಹೊರುವ ಭಾರ ನೋಡಿ ಆರಿಸಿ. ಮಾರುವವರು ಯಾವಾಗಲೂ ಒಂದು ಹಂತ ಗಟ್ಟಿಯದನ್ನೇ ತೋರಿಸುತ್ತಾರೆ. ನಾನು ಹಗುರದ್ದೇ ಬೇಕೆಂದು ಹಟ ಹಿಡಿದೆ.

ಹಾಕಿಸುವಾಗ ಎದುರಿಗೇ ನಿಂತು ನೋಡಬೇಕಾದ್ದು ಎರಡು. ಯು-ಬೋಲ್ಟ್ ಹೊಸದೇ ಆಗಿರಬೇಕು; ಒಮ್ಮೆ ಬಿಗಿದು ಹಿಗ್ಗಿದ್ದನ್ನು ಮತ್ತೆ ಬಳಸಬಾರದು. ಪ್ಲೇಟ್ ತುದಿಯ ತೂತಿನ (ಸ್ಪ್ರಿಂಗ್ ಕಣ್ಣಿನ) ಬೋಲ್ಟನ್ನು, ಶಾಕಲ್ ಬೋಲ್ಟನ್ನು ಗಾಡಿ ಜ್ಯಾಕ್ ಮೇಲಿದ್ದಾಗ ಪೂರ್ತಿ ಬಿಗಿಯಬಾರದು. ಚಕ್ರದ ಮೇಲೆ ಭಾರ ಬಿದ್ದ ಮೇಲೆ ಬಿಗಿಯಬೇಕು, ಇಲ್ಲದಿದ್ದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಯು-ಬೋಲ್ಟ್ ಇನ್ನೊಮ್ಮೆ ಬಿಗಿಸಿ. ಹೊರಡುವಾಗ ನೆಲದ ಕೆಳಗೆ ಗುರ್ ಅಂತ ನಡುಗಿದರೆ ಗೇರ್ ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕೋನ ನೋಡಿಸಿ. ಎರಡು ತುಂಡಿನ ಶಾಫ್ಟ್ ಆದರೆ ಸೆಂಟರ್ ಬೇರಿಂಗ್‌ಗೆ ಸಣ್ಣ ಸ್ಪೇಸರ್ ಇಟ್ಟು ಇಳಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ದಿನವಿಡೀ ಲೋಡ್ ಎಳೆಯುವವರು ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿ, ಉಳಿದ ಪ್ಲೇಟ್‌ಗಳು ಗಟ್ಟಿ ಇದ್ದರೆ ಮಾತ್ರ. ಕೈ ಬಿಗಿ ಇದ್ದು ಪ್ಲೇಟ್ ಕುಸಿಯದೆ ಇದ್ದರೆ ಸಣ್ಣ ಬ್ಲಾಕ್ ನಡೆಯುತ್ತದೆ, ವಾಲ್ವಿನ ಬ್ರಾಕೆಟ್ ಎತ್ತರಿಸುವ ಷರತ್ತಿನ ಮೇಲೆ. ನನ್ನ ಗಾಡಿಯಲ್ಲಿ ಇನ್ನು ಉಳಿದಿರುವುದು ಮುಂದಿನ ಟಾರ್ಷನ್ ಬಾರ್. ದಪ್ಪದ್ದು ಹಾಕು ಅಂತ ಎಲ್ಲರೂ ಹೇಳುತ್ತಾರೆ. ಬಾರಿನ ಗಟ್ಟಿತನ ದಪ್ಪದ 4ನೇ ಘಾತದಂತೆ ಏರುತ್ತದೆ. 22 ಮಿಲಿಮೀಟರ್ ಬಾರಿನ ಜಾಗಕ್ಕೆ 23ರದ್ದು ಹಾಕಿದರೆ ಹತ್ತಿರ ಹತ್ತಿರ ಶೇ. 20ರಷ್ಟು ಗಟ್ಟಿ. ವಿಂಚ್, ಕಬ್ಬಿಣದ ಬಂಪರ್ ಇದ್ದವರಿಗೆ ಸರಿ. ನನ್ನ ಗಾಡಿಯ ಮುಂದೆ ನಂಬರ್ ಪ್ಲೇಟ್ ಬಿಟ್ಟರೆ ಇನ್ನೇನೂ ಇಲ್ಲ, ಹಾಗಾಗಿ ಸದ್ಯಕ್ಕೆ ಹಳೇ ಬಾರೇ ಸಾಕು.