ಹೆಣ್ಣುಕರುವಿನ ಸೆಮೆನ್ ಸ್ಟ್ರಾ: ಕರಾವಳಿಯ ಹಟ್ಟಿಗೆ ಹೊಂದುತ್ತದೆಯೇ?

ಉಳುಮೆಗೆ ಟಿಲ್ಲರ್ ಬಂದ ಮೇಲೆ ಉಡುಪಿ, ಮಂಗಳೂರು ಕಡೆಯ ಹಟ್ಟಿಗಳಲ್ಲಿ ಗಂಡುಕರುವಿಗೆ ಕೆಲಸವಿಲ್ಲ. ಹಾಗಾಗಿ ಡೈರಿಗೆ ಹಾಲು ಹಾಕುವವರೆಲ್ಲ ಲಿಂಗ ನಿರ್ಧರಿತ ವೀರ್ಯದ ಸ್ಟ್ರಾ, ಅಂದರೆ ಹೆಣ್ಣುಕರುವೇ ಹುಟ್ಟುವಂತೆ ಬೇರ್ಪಡಿಸಿದ ವೀರ್ಯವನ್ನು ಹೆಪ್ಪುಗಟ್ಟಿಸಿ ತುಂಬಿದ ತೆಳು ಕೊಳವೆಯ ಬಗ್ಗೆ ವಿಚಾರಿಸುತ್ತಿದ್ದಾರೆ. ಎಲ್ಲರ ಪ್ರಶ್ನೆಯೂ ಒಂದೇ: ದುಡ್ಡು ಕೊಟ್ಟರೆ ಹೆಣ್ಣುಕರು ಗ್ಯಾರಂಟಿಯೇ? ಗಬ್ಬ ನಿಂತರೆ ಹತ್ತಕ್ಕೆ ಒಂಬತ್ತು ಹೆಣ್ಣೇ. ಆದರೆ ನಿಲ್ಲಿಸುವುದೇ ಕಷ್ಟ. ಸ್ಟ್ರಾ ಮಾಡಿದವರು ತಪ್ಪುವುದು ಕಡಿಮೆ. ದ್ರವ ಸಾರಜನಕದ ಕ್ಯಾನಿನಿಂದ ಹೊರಬಂದ ಸ್ಟ್ರಾ ಗರ್ಭಕೋಶ ಸೇರುವ ಆ ಹತ್ತು ನಿಮಿಷದಲ್ಲಿ ಹಾಳಾಗುವುದೇ ಹೆಚ್ಚು.

ಒಳಗೆ ಏನಿದೆ ನೋಡೋಣ. ಸಾಮಾನ್ಯ ಸ್ಟ್ರಾದಂತೆ ಇದೂ 0.25 ಮಿಲೀಯದ್ದೇ, ಉದ್ದವೂ ಅದೇ 13.3 ಸೆಂ.ಮೀ. ವ್ಯತ್ಯಾಸ ಇರುವುದು ಎಣಿಕೆಯಲ್ಲಿ. ಸಾಮಾನ್ಯ ಡೋಸ್‌ನಲ್ಲಿ 2 ಕೋಟಿ ವೀರ್ಯಾಣು ಇದ್ದರೆ ಇದರಲ್ಲಿ ಸಾಮಾನ್ಯವಾಗಿ ಸುಮಾರು 20 ಲಕ್ಷ. ಕೆಲವು ತಯಾರಿಕೆಗಳಲ್ಲಿ 40 ಲಕ್ಷ ತುಂಬುತ್ತಾರೆ, ಅದು ಸಿಕ್ಕರೆ ಅದನ್ನೇ ಹಾಕಿಸಿ. ಹೆಣ್ಣುಕರು ಕೊಡುವ ಎಕ್ಸ್ ವೀರ್ಯಾಣುವಿನಲ್ಲಿ ವೈ ವೀರ್ಯಾಣುವಿಗಿಂತ ಶೇ. 4ರಷ್ಟು ಹೆಚ್ಚು ಡಿಎನ್‌ಎ ಇರುತ್ತದೆ. ಬಣ್ಣ ಹಿಡಿಸಿ, ಒಂದೊಂದನ್ನೇ ಲೇಸರ್ ಮುಂದೆ ಹಾಯಿಸಿ, ಹೊಳಪಿನ ಅಷ್ಟು ಸಣ್ಣ ವ್ಯತ್ಯಾಸದ ಮೇಲೆ ಬೇರ್ಪಡಿಸುತ್ತಾರೆ.

ಈ ಬೇರ್ಪಡಿಸುವಿಕೆ ವೀರ್ಯಾಣುವಿಗೆ ಪುಕ್ಕಟೆಯಲ್ಲ. ಯಂತ್ರದ ಒತ್ತಡ, ಬಣ್ಣ, ಲೇಸರ್ ಎಲ್ಲವೂ ಪೊರೆಯನ್ನು ಸವೆಸುತ್ತವೆ. ಅದಕ್ಕಿಂತ ದೊಡ್ಡ ನಷ್ಟ ಹೋರಿಯ ವೀರ್ಯದ್ರವದ್ದು. ಅದರಲ್ಲಿ ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಕ್ಯಾಟಲೇಸ್, ಗ್ಲುಟಾಥಯಾನ್ ಪೆರಾಕ್ಸಿಡೇಸ್ ಎಂಬ ಕಾವಲು ಕಿಣ್ವಗಳಿರುತ್ತವೆ, ಆಮ್ಲಜನಕದ ಹಾನಿಯಿಂದ ಪೊರೆಯನ್ನು ಕಾಯುವುದು ಅವೇ. ಯಂತ್ರಕ್ಕೆ ಬಿಡಲು ವೀರ್ಯವನ್ನು ವಿಪರೀತ ತೆಳು ಮಾಡುವಾಗ ಈ ಕಾವಲು ತೊಳೆದುಹೋಗುತ್ತದೆ. ಇನ್ನು ವೀರ್ಯಾಣುವಿನ ತಲೆಯ ಮೇಲಿನ ಅಕ್ರೋಸೋಮ್ ಟೊಪ್ಪಿಯೊಳಗೆ ಹಯಲುರೋನಿಡೇಸ್, ಅಕ್ರೋಸಿನ್ ಇರುತ್ತವೆ. ಅಂಡದ ಹೊದಿಕೆ ದಾಟಲು ಬೇಕಾದ ಕಿಣ್ವಗಳು ಇವು. ಟೊಪ್ಪಿ ಬಿರುಕು ಬಿಟ್ಟು ಇವು ಮೊದಲೇ ಸೋರಿದರೆ ವೀರ್ಯಾಣು ಮೈಕ್ರೋಸ್ಕೋಪಿನಡಿ ಚೆನ್ನಾಗಿ ಓಡಾಡುತ್ತದೆ, ಅಂಡಕ್ಕೆ ಮಾತ್ರ ಪ್ರಯೋಜನಕ್ಕೆ ಬರುವುದಿಲ್ಲ. ಕರಗಿಸಿದ ಮೇಲೆ ಅರ್ಧದಷ್ಟು ಚಲಿಸುತ್ತಿವೆ ಎಂಬ ಪ್ರಮಾಣಪತ್ರವನ್ನು ನಾವು ಪೂರ್ತಿ ನಂಬದಿರುವುದು ಇದಕ್ಕೇ. ವೀರ್ಯಾಣುವಿನ ಒಳಗೇ ಇರಬೇಕಾದ ಎಎಸ್‌ಟಿ ಎಂಬ ಕಿಣ್ವ ಹೊರದ್ರವಕ್ಕೆ ಎಷ್ಟು ಸೋರಿದೆ ಎಂದು ಲ್ಯಾಬಿನಲ್ಲಿ ಅಳೆದರೆ ಪೊರೆಯ ನಿಜಸ್ಥಿತಿ ತಿಳಿಯುತ್ತದೆ.

ಇನ್ನು ಬಳಕೆ. ಸಿಬ್ಬಂದಿ ಸ್ಕೂಟರಿನಲ್ಲಿ ತರುವ 3 ಲೀಟರಿನ ಕ್ಯಾನನ್ನು ಮೊದಲು ನೋಡಿ. ಮಳೆಗಾಲದಲ್ಲಿ ಯಾವ ಪಾತ್ರೆಯೂ ಬೆವರೀತು, ಅದು ದೋಷವಲ್ಲ. ಕುತ್ತಿಗೆಯ ಹೊರಮೈಯಲ್ಲಿ ಬಿಳಿ ಮಂಜು ಕಟ್ಟಿದ್ದರೆ ವ್ಯಾಕ್ಯೂಮ್ ಹೋಗಿದೆ ಎಂದೇ ಅರ್ಥ. ಅಂಥ ಕ್ಯಾನಿನ ಸ್ಟ್ರಾ ಬೇಡವೇ ಬೇಡ. ದ್ರವ ಸಾರಜನಕ ಎಷ್ಟಿದೆ ಎಂದು ಅಳತೆ ಕೋಲು ಅದ್ದಿ ತೆಗೆದು ಗಾಳಿಯಲ್ಲಿ ಆಡಿಸಿದರೆ ಮಂಜು ಹಿಡಿದ ಎತ್ತರವೇ ಮಟ್ಟ. ಸ್ಟ್ರಾದ ಪೂರ್ತಿ ಉದ್ದ ಮುಳುಗಿರಬೇಕು. ತಳದಲ್ಲಿ ನಾಲ್ಕು ಬೆರಳು ಉಳಿದಿದೆ ಎಂದರೆ ಮೇಲಿನ ಅರ್ಧ ಸ್ಟ್ರಾ ಆವಿಯಲ್ಲಿದೆ.

ಮೈನಸ್ 196 ಡಿಗ್ರಿಯಲ್ಲಿ ಸ್ಟ್ರಾ ವರ್ಷಗಟ್ಟಲೆ ಕೆಡುವುದಿಲ್ಲ. ಮೈನಸ್ 130 ದಾಟಿ ಬಿಸಿಯಾಗಿ ಮತ್ತೆ ತಣಿದರೆ ಒಳಗಿನ ಹಿಮಕಣ ದೊಡ್ಡದಾಗಿ ಪೊರೆ ಹರಿಯುತ್ತದೆ, ಆ ಹಾನಿ ಕಣ್ಣಿಗೆ ಕಾಣದು. ಆದ್ದರಿಂದ ಸ್ಟ್ರಾಗಳನ್ನಿಟ್ಟ ಒಳಗಿನ ಡಬ್ಬಿಯನ್ನು ಕ್ಯಾನಿನ ಕುತ್ತಿಗೆಯಿಂದ ಮೇಲೆ ಎತ್ತಬಾರದು. ಎಂಟು–ಹತ್ತು ಸೆಕೆಂಡಿನಲ್ಲಿ ಬೇಕಾದ ಸ್ಟ್ರಾ ಸಿಗದಿದ್ದರೆ ಮತ್ತೆ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಹುಡುಕಬೇಕು. ಬಿಸಿಲಿನಲ್ಲಿ ನಿಂತು ಒಂದೊಂದೇ ಹೋರಿಯ ನಂಬರು ಓದುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ.

ಕರಗಿಸಲು 37 ಡಿಗ್ರಿ ನೀರು, ಸ್ಟ್ರಾ ತಯಾರಕರು ಹೇಳಿದಂತೆ 30ರಿಂದ 45 ಸೆಕೆಂಡು. ಥರ್ಮಾಸಿನಲ್ಲಿ ನೀರು, ಜೊತೆಗೆ ಥರ್ಮಾಮೀಟರ್ ಇರಲೇಬೇಕು. ಮೇ ತಿಂಗಳಲ್ಲಿ ಕೈಗೆ ಹದ ಎನಿಸುವ ನೀರು ಜುಲೈಯಲ್ಲಿ ಹಾಗೆನಿಸುವುದಿಲ್ಲ, ಕೈಯನ್ನು ನಂಬಬೇಡಿ. ಜೇಬಿನಲ್ಲಿ, ಕಂಕುಳಲ್ಲಿ ಕರಗಿಸುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ. ಆಮೇಲೆ ಸ್ಟ್ರಾದ ಹೊರಮೈ ಪೂರ್ತಿ ಒರೆಸಬೇಕು, ಒಂದು ಹನಿ ನೀರು ಒಳಗೆ ಬೆರೆತರೂ ವೀರ್ಯಾಣು ಉಬ್ಬಿ ಸಾಯುತ್ತವೆ. ಹತ್ತಿಯ ಬಿರಡೆ ಇರುವ ತುದಿ ಗನ್ (ವೀರ್ಯ ಬಿಡುವ ಉದ್ದನೆಯ ಸಲಕರಣೆ) ಕಡೆಗೆ, ಇನ್ನೊಂದು ತುದಿಯನ್ನು ಲಂಬಕ್ಕೆ ನೇರ ಕತ್ತರಿಸಿ ಶೀತ್ (ಗನ್ನಿನ ಪ್ಲಾಸ್ಟಿಕ್ ಹೊರಕವಚ) ಹಾಕಬೇಕು. ಓರೆಯಾಗಿ ಕತ್ತರಿಸಿದರೆ ಶೀತಿನೊಳಗೆ ಹಿಂದಕ್ಕೆ ಸೋರುತ್ತದೆ. ಗನ್ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ಬಿಡುವ ಜಾಗ ಗರ್ಭಕೊರಳು ದಾಟಿದ ಕೂಡಲೇ, ಗರ್ಭಕೋಶದ ಮೈಯಲ್ಲಿ, ನಿಧಾನವಾಗಿ. 2 ಕೋಟಿಯಿದ್ದಾಗ ಕೊರಳಿನಲ್ಲೇ ಅರ್ಧ ಚೆಲ್ಲಿದರೂ ನಡೆಯುತ್ತಿತ್ತು; 20 ಲಕ್ಷದಲ್ಲಿ ನಡೆಯುವುದಿಲ್ಲ.

ಸಮಯವೂ ಬೇರೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಎಂಬ ಹಳೆಯ ಲೆಕ್ಕ ಸಾಮಾನ್ಯ ಸ್ಟ್ರಾಗೆ ಸರಿ. ಬೇರ್ಪಡಿಸಿದ ವೀರ್ಯಾಣುವಿನ ಆಯಸ್ಸು ಗರ್ಭಕೋಶದಲ್ಲಿ ಕಡಿಮೆ. ಅಂಡ ಬೀಳುವ ಹೊತ್ತಿಗೆ ಹತ್ತಿರವಾಗಿ, ಅಂದರೆ ಬೇರೆ ಹಸು ಏರಿದಾಗ ಅಲುಗದೆ ನಿಲ್ಲಲು ಶುರುವಾದ 18ರಿಂದ 24 ಗಂಟೆಯೊಳಗೆ ಹಾಕಿಸಬೇಕು. ನಸುಕಿನಲ್ಲಿ ಬೆದೆ ಕಂಡರೆ ಈ ಲೆಕ್ಕ ಮಧ್ಯರಾತ್ರಿಗೆ ಬೀಳುತ್ತದೆ, ಆಗ ಯಾರೂ ಬರುವುದಿಲ್ಲ. ಮರುದಿನ ಬೆಳಗಾಗುತ್ತಲೇ ಮೊದಲ ಕೆಲಸ ಅದಾಗಲಿ. ಸಂಜೆ ಕಂಡ ಬೆದೆ ಮರುದಿನ ಮಧ್ಯಾಹ್ನಕ್ಕೆ ಸರಿಯಾಗಿ ಹೊಂದುತ್ತದೆ. ಮಾರ್ಚ್‌ನಿಂದ ಮೇವರೆಗೆ ಸೆಕೆಗೆ ಹಗಲಿನ ಲಕ್ಷಣ ಮಂಕಾಗುವುದರಿಂದ ರಾತ್ರಿ ಮಲಗುವ ಮುಂಚೆ ಒಮ್ಮೆ ಹಟ್ಟಿಗೆ ಹೋಗಿ ಲೋಳೆ ನೋಡಿ. ಬಾಲದಲ್ಲಿ ರಕ್ತದ ಗೆರೆ ಕಂಡರೆ ಕಾಲ ಮೀರಿದೆ. ಸ್ಟ್ರಾ ದಂಡ ಮಾಡದೆ ದಿನಾಂಕ ಬರೆದಿಟ್ಟು ಮುಂದಿನ ಬೆದೆಗೆ ಸುಮಾರು 18–20 ದಿನ ಕಾಯಿರಿ.

ಯಾವ ಹಸುವಿಗೆ? ನಮ್ಮ ಮಟ್ಟಿಗೆ ಇದು ಕಡಸುಗಳ ಸ್ಟ್ರಾ. ದೊಡ್ಡ ಹಸುವಿನ ತೂಕದ ಶೇ. 60–65 ತಲುಪಿ, ಒಂದೆರಡು ಬೆದೆ ಸರಿಯಾಗಿ ತೋರಿಸಿದ ಕಡಸು. ಹೆಣ್ಣುಕರು ಗಾತ್ರದಲ್ಲಿ ಸಣ್ಣದಾದ್ದರಿಂದ ಚೊಚ್ಚಲ ಹೆರಿಗೆಯೂ ಸಲೀಸು. ಕರು ಹಾಕಿ 60 ದಿನ ದಾಟಿದ, ಸೋಂಕಿಲ್ಲದ ಹಸುವಿಗೂ ಆದೀತು. ಮೂರು ಸಲ ತಿರುಗಿದ, ಅಂದರೆ ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂದ ಹಸುವಿಗೆ ಬೇಡ. ಸಣ್ಣ ಮೈಯ ಮಲೆನಾಡು ಗಿಡ್ಡಕ್ಕೆ ದೊಡ್ಡ ಮೈಯ ವಿದೇಶಿ ತಳಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಸ್ಟ್ರಾ, ಹೆಣ್ಣುಕರುವಿನದ್ದಾದರೂ, ಖಂಡಿತ ಬೇಡ.

ಲೆಕ್ಕ ಹೀಗಿದೆ. ಸಾಮಾನ್ಯ ಸ್ಟ್ರಾ ನೂರು ಹಾಕಿಸಿ ನಲವತ್ತು ನಿಂತರೆ ಸುಮಾರು ಇಪ್ಪತ್ತು ಹೆಣ್ಣು. ಇದರಲ್ಲಿ ನಿಲ್ಲುವುದು ಅದರ ಶೇ. 80 ಎಂದು ಹಿಡಿದರೆ ಮೂವತ್ತೆರಡು, ಅದರಲ್ಲಿ ಹೆಣ್ಣು ಇಪ್ಪತ್ತೊಂಬತ್ತು. ಲಾಭವಿದೆ. ಆದರೆ ತಿರುಗಿದ ಪ್ರತಿ ಬೆದೆಗೆ 21 ದಿನದ ಹಿಂಡಿ, ಹುಲ್ಲು ದಿನಕ್ಕೆ 150 ರೂಪಾಯಿಯಂತೆ 3,150 ಆಗುತ್ತದೆ. ಸ್ಟ್ರಾದ ದರ ಇದರ ಮುಂದೆ ಸಣ್ಣದು. 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ದೇಶೀ ತಂತ್ರಜ್ಞಾನದಿಂದ ಡೋಸ್‌ಗೆ ಸುಮಾರು 200 ರೂಪಾಯಿ ಇಳಿಯುತ್ತದೆ ಎಂದು ಸರ್ಕಾರ ಹೇಳಿತ್ತು. ಇಳಿದರೆ ಒಳ್ಳೆಯದೇ, ಆದರೆ ನಿರ್ಧಾರ ಅದರ ಮೇಲೆ ನಿಲ್ಲದಿರಲಿ. ಕಂಬಳದ ಕೋಣ ಕಟ್ಟುವ ಆಸೆಯಿಂದ ಎಮ್ಮೆ ಸಾಕಿದವರಿಗಂತೂ ಈ ಸ್ಟ್ರಾ ತದ್ವಿರುದ್ಧದ ಸರಕು.

ನಮ್ಮ ಅಂಕ: ಕಡಸಿಗೆ ಐದಕ್ಕೆ ನಾಲ್ಕು, ಹಾಲು ಕೊಡುವ ಹಸುವಿಗೆ ಮೂರು, ತಿರುಗುವ ಹಸುವಿಗೆ ಸೊನ್ನೆ. ಹಾಕಿಸಿದ ಮೇಲೆ ಖಾಲಿ ಸ್ಟ್ರಾ ಎಸೆಯದೆ ಕೇಳಿ ಇಟ್ಟುಕೊಳ್ಳಿ. ಅದರ ಮೇಲೆ ಹೋರಿಯ ನಂಬರು, ಕೇಂದ್ರದ ಹೆಸರು, ತಯಾರಾದ ದಿನ ಅಚ್ಚಾಗಿರುತ್ತದೆ. ಹಸುವಿನ ಕಿವಿಯೋಲೆಯ 12 ಅಂಕಿಯ ಜೊತೆಗೆ ಅದನ್ನೂ ಪುಸ್ತಕದಲ್ಲಿ ಬರೆದಿಟ್ಟರೆ, ಹುಟ್ಟುವ ಕಡಸಿಗೆ ಮುಂದೆ ಅಪ್ಪನ ಸ್ಟ್ರಾವನ್ನೇ ಹಾಕಿಸುವುದು ತಪ್ಪುತ್ತದೆ.